ಸವೆದ ಮೊಣಕಾಲಲ್ಲೇ ಮತ್ತೆ ಅಡಕೆ ಹೆಕ್ಕಿದೆ

ಮೂರು ವರ್ಷದ ಹಿಂದೆ ಎಕ್ಸ್‌ರೇ ನೋಡಿದ ಡಾಕ್ಟರು ಮೊಣಕಾಲಿನ ಸವೆತ ಮೂರನೇ ಗ್ರೇಡ್ ಅಂದರು, ನಾಲ್ಕೇ ಕೊನೆಯದು. ಬಲ ಮೊಣಕಾಲು, ಒಳಬದಿಯ ಸಂದು ಕಿರಿದಾಗಿತ್ತು. ಪೆರ್ಲದ ಹತ್ತಿರ ನಮ್ಮ ಮನೆ ಗುಡ್ಡೆಯ ಮೇಲೆ, ತೋಟ ಕೆಳಗೆ. ಕುಕ್ಕರಗಾಲಲ್ಲಿ ಕೂತು ಅಡಕೆ ಹೆಕ್ಕಿದ್ದೇ 40 ವರ್ಷ. ಮೇಲಿಂದ ತೂಕ 84 ಕಿಲೋ.

ಹೋದ ದುಡ್ಡಿನ ಲೆಕ್ಕ ಮೊದಲು. ಗಂಟಿನ ಸವೆತಕ್ಕೆ ಅಂತ ಮಾರುವ ಗ್ಲುಕೋಸಮೈನ್ ಮಾತ್ರೆ ಎಂಟು ತಿಂಗಳು, ಸುಮಾರು 10,000 ರೂಪಾಯಿ. ಚೂರೂ ವ್ಯತ್ಯಾಸ ಕಾಣಲಿಲ್ಲ. 14 ದಿನ ಎಣ್ಣೆ ತಿಕ್ಕಿಸಿದ್ದಕ್ಕೆ 22,000. ಆ ದಿನಗಳಲ್ಲಿ ಸುಖ, ತೋಟಕ್ಕಿಳಿದ ಮೂರನೇ ದಿನ ಮತ್ತೆ ಅದೇ. ಸ್ಟಿರಾಯ್ಡ್ ಇಂಜೆಕ್ಷನ್ ಆರು ವಾರ ತಡೆಯಿತು. ನೋವಿನ ಮಾತ್ರೆ ಜಾಸ್ತಿಯಾಗಿ ಹೊಟ್ಟೆ ಉರಿಯತೊಡಗಿತು. ಮೊಣಕಾಲ ಗಂಟು ಬದಲಾಯಿಸುವ ಆಪರೇಷನ್ನಿಗೆ ಮಂಗಳೂರಲ್ಲಿ 2 ಲಕ್ಷದ ಮೇಲೆ ಹೇಳಿದರು.

ಕೊನೆಗೆ ತೊಡೆಯ ವ್ಯಾಯಾಮವೇ ಗಟ್ಟಿ ಅಂತ ಹೊರಟೆ. "ಸವೆದದ್ದನ್ನು ಇನ್ನೂ ಸವೆಸ್ತೀರಾ ಭಾವ?" ಅಂತ ನನ್ನ ಭಾವನೇ ಕೇಳಿದರು.

ನಿಮಗೆಲ್ಲ ಗೊತ್ತಿರುವ ವ್ಯಾಯಾಮಗಳೇ. ಕೂತಲ್ಲೇ ಕಾಲು ಚಾಚಿ ನೇರ ಹಿಡಿಯುವುದು, ಕೈ ಊರದೆ ಕುರ್ಚಿಯಿಂದ ಏಳುವುದು. ನನ್ನ ತಪ್ಪು ಅವಸರ. ಮೊದಲ ವಾರವೇ ಕಾಲಿಗೆ 2 ಕಿಲೋ ಮರಳಿನ ಚೀಲ ಕಟ್ಟಿದೆ. ಗಂಟು ಬಾತುಕೊಂಡು ಹತ್ತು ದಿನ ಮಲಗಿದೆ. ಮತ್ತೆ ಅರ್ಧ ಕಿಲೋದಿಂದ ಶುರು. ನೋವು ಮರುದಿನ ಬೆಳಿಗ್ಗೆಗೆ ಇಳಿದರೆ ಅದೇ ಭಾರ, ಇಳಿಯದಿದ್ದರೆ ಕಡಿಮೆ. ಮೂರನೇ ತಿಂಗಳಿಗೆ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದು ನಿಂತಿತು.

ರಾತ್ರಿಯ ಅನ್ನ ಅರ್ಧ ಮಾಡಿದೆ. ವರ್ಷದಲ್ಲಿ 8-9 ಕಿಲೋ ಇಳಿದೆ. ಒಂದು ಕಿಲೋ ಇಳಿದರೆ ಹೆಜ್ಜೆಗೆ ಸುಮಾರು ನಾಲ್ಕು ಕಿಲೋ ಭಾರ ಮೊಣಕಾಲಿಗೆ ಕಡಿಮೆ. ಗುಡ್ಡೆ ಹತ್ತಿಳಿಯುವವರಿಗೆ ಇದು ಸಣ್ಣ ಲೆಕ್ಕ ಅಲ್ಲ.

ನಡುವೆ ಅಂಗಳದಲ್ಲಿ ಹಿಂದಕ್ಕೆ ನಡೆದೂ ನೋಡಿದೆ, ದಿನಕ್ಕೆ ಹತ್ತು ನಿಮಿಷ. ಹಿಡಿಸಿತು. ಆದರೆ ಅಡಕೆ ಒಣಹಾಕಿದ ತಿಂಗಳಲ್ಲಿ ಜಾಗವೇ ಇಲ್ಲ, ಅಲ್ವಾ? ಕೂತು ಹೆಕ್ಕಲು ಗಾಲಿಯ ಮಣೆ ಮಾಡಿಸಿದೆ, 1,500 ರೂಪಾಯಿ. ಅದು ತೋಟದ ಕೆಸರಲ್ಲಿ ಹೂತಿತು. ಈಗ ನಿಂತೇ ಹೆಕ್ಕಲು ಉದ್ದ ಹಿಡಿಕೆಯ ಸಾಧನವೊಂದನ್ನು ನಾನೇ ಮಾಡಿಕೊಂಡಿದ್ದೇನೆ. ತುದಿಗೆ ಏನು ಕಟ್ಟಿದ್ದೇನೆ ಅಂತ ಇನ್ನೊಂದು ಕೊಯ್ಲು ನೋಡಿ ಹೇಳುತ್ತೇನೆ.

ಎಕ್ಸ್‌ರೇ ಹಾಗೇ ಇದೆ, ಸವೆದದ್ದು ಮತ್ತೆ ಬೆಳೆದು ಬಂದಿಲ್ಲ. ಆದರೂ ಈ ಸಲ ದಿನಕ್ಕೆ ಐದು ಗಂಟೆ ತೋಟದಲ್ಲಿದ್ದೆ, ಕೆಲಸದವರಿಗೆ ಸಮಸಮ. ಗುಡ್ಡೆ ಇಳಿಯುವಾಗ ಮಾತ್ರ ಕೋಲು ಬೇಕು. ನೋವು ಬಲಗಾಲಲ್ಲಿದ್ದರೆ ಕೋಲು ಎಡಗೈಗೆ. ಎರಡು ವರ್ಷ ನಾನು ಬಲಗೈಯಲ್ಲೇ ಹಿಡಿದಿದ್ದೆ.