ಮೂವತ್ತೆಂಟು ಸಾವಿರದ ಹೊಸ ಭಟ್ಟಿ ಬಿಟ್ಟು ಗುಜರಿ ಹಂಚು ತಂದೆ

ಭಾನುವಾರ ಬೆಳಗ್ಗೆ ಎಂಟರಿಂದ ಹನ್ನೊಂದರೊಳಗೆ ನಮ್ಮ ಹೋಟೆಲಿನ ಎರಡನೇ ದೋಸೆ ಹಂಚಿನ ಮೇಲೆ ಹತ್ತಿರ ಹತ್ತಿರ ಇನ್ನೂರು ಬೆಣ್ಣೆ ದೋಸೆ ಬೀಳುತ್ತವೆ. ಏಳು ತಿಂಗಳಿಂದ ಹೀಗೇ ನಡೆದಿದೆ. ಇದನ್ನು ಮನೆಗೆ ತಂದ ದಿನ ನಮ್ಮ ಭಾವ ನೋಡಿ, "ಲೇ ತಮ್ಮಾ, ಇದನ್ನ ವಾಪಸ್ ತೂಕಕ್ಕೆ ಹಾಕಿ ಬಂದ ದುಡ್ಡಲ್ಲಿ ಮಂಡಕ್ಕಿ ಮಿರ್ಚಿ ತಿನ್ನು, ಅಷ್ಟೇ ಇದರ ಯೋಗ್ಯತೆ" ಅಂದಿದ್ದರು. ಈಗ ಮಾತು ಬದಲಾಗಿದೆ. "ನಾನು ಅವತ್ತೇ ಹೇಳಿದ್ದೆ, ಒಳ್ಳೇ ಹಂಚು ಅಂತ" ಅನ್ನುತ್ತಾರೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ದಾವಣಗೆರೆಯಲ್ಲಿ ದೋಸೆ ಹೋಟೆಲ್ ಇಟ್ಟವನಿಗೆ ಭಾನುವಾರ ಅಂದ್ರೆ ಏನು ಅಂತ ಬೇರೆ ಹೇಳಬೇಕಾಗಿಲ್ಲ. ವಿದ್ಯಾನಗರದ ಕಡೆ ನಮ್ಮದು ಎಂಟು ಟೇಬಲ್ಲಿನ ಸಣ್ಣ ಹೋಟೆಲ್. ಒಂದೇ ಹಂಚು ಇತ್ತು. ಜನ ಬಾಗಿಲಲ್ಲಿ ನಿಂತು ಕಾದು, ಕಾದು, ಗಾಡಿ ತಿರುಗಿಸಿಕೊಂಡು ಹೋಗುತ್ತಿದ್ದರು. ಎರಡನೇ ಭಟ್ಟಿ, ಅಂದರೆ ಹಂಚು ಕೂರಿಸಿದ ಗ್ಯಾಸ್ ಒಲೆ, ಬೇಕೇ ಬೇಕಾಯಿತು.

ಮೂರು ಕಡೆ ರೇಟು ಕೇಳಿದೆ. ಮೂರಡಿ ಹಂಚು, ಎರಡು ಬರ್ನರ್, ಸ್ಟೀಲ್ ಬಾಡಿ, 38,000. ಸಾಗಾಟ ಬೇರೆ. ಬಾಡಿ ಏನೋ ಫಳಫಳ ಹೊಳೆಯುತ್ತಿತ್ತು. ಬಗ್ಗಿ ಹಂಚಿನ ಅಂಚಿಗೆ ಬೆರಳಿಟ್ಟು ನೋಡಿದೆ. ಹತ್ತು ಎಂಎಂ ಇದ್ದರೆ ಅದೇ ಹೆಚ್ಚು. ದಪ್ಪದ್ದು ಬೇಕೆಂದರೆ 46,000 ಅಂದರು.

ತೆಳು ಹಂಚಿನ ಹಣೆಬರಹ ನಿಮಗೆ ಗೊತ್ತೇ ಇದೆ. ಮೊದಲ ಸುತ್ತು ಚೆನ್ನಾಗಿ ಬರುತ್ತೆ. ಎಂಟು ದೋಸೆ ಒಟ್ಟಿಗೆ ಹುಯ್ದ ಕೂಡಲೇ ಕಾವು ಕುಸಿಯುತ್ತೆ, ಎರಡನೇ ಸುತ್ತು ಬೆಳ್ಳಗೆ ಬೇಯುತ್ತೆ. ಉರಿ ಜಾಸ್ತಿ ಮಾಡಿದರೆ ನಡುವೆ ಕರಕಲು, ಅಂಚಲ್ಲಿ ಹಸಿ. ನಮ್ಮೂರ ದೋಸೆಗೆ ಕೆಳಗೆ ಗರಿ, ಒಳಗೆ ಮೆತ್ತಗೆ, ಎರಡೂ ಬೇಕು. ಸೌದೆ ಒಲೆಯವರು "ಗ್ಯಾಸಲ್ಲಿ ಆ ದೋಸೆ ಬರಲ್ಲ" ಅನ್ನುವುದು ಇದೇ ಕಾರಣಕ್ಕೆ. ತಪ್ಪು ಗ್ಯಾಸಿಂದಲ್ಲ, ತೆಳು ಹಂಚಿಂದು ಅನ್ನೋದು ನನ್ನ ವಾದ.

ಹರಿಹರದ ಕಡೆ ಒಂದು ಮೆಸ್ ಮುಚ್ಚಿ ಮೂರ್ನಾಲ್ಕು ವರ್ಷ ಆಗಿತ್ತು. ಹಿತ್ತಲಲ್ಲಿ ಭಟ್ಟಿ ಬಿದ್ದಿದೆ ಅಂತ ತರಕಾರಿ ತರುವ ಹುಡುಗ ಹೇಳಿದ. ಹೋಗಿ ನೋಡಿದರೆ ಹಂಚಿನ ಮೇಲೆ ಮಳೆ ನೀರು ನಿಂತು, ತುಕ್ಕು ಹಪ್ಪಳದ ಹಾಗೆ ಎದ್ದಿತ್ತು. ಕಾಲೊಂದು ಮುರಿದಿತ್ತು. ಬರ್ನರ್ ಕೊಳವೆ ಊದಿ ನೋಡಿದೆ, ಗಾಳಿ ಆಡಲಿಲ್ಲ. ಆದರೂ ಒಂದು ಮೂಲೆ ಎತ್ತಲು ಹೋದಾಗ ಸೊಂಟ ಕಿರ್ ಅಂದಿತಲ್ಲ, ಆಗಲೇ ಮನಸ್ಸು ಮಾಡಿದೆ. ತೂಕಕ್ಕೇ ಕೊಡ್ತೀವಿ ಅಂದರು. ಒಟ್ಟು 112 ಕೆಜಿ, ಕೆಜಿಗೆ 32. ಮೂರೂವರೆ ಸಾವಿರ ಚಿಲ್ಲರೆ.

ಇಲ್ಲೊಂದು ಲೆಕ್ಕ ಹೇಳಿಬಿಡುತ್ತೇನೆ, ಗುಜರಿಯಲ್ಲಿ ಮೋಸ ಹೋಗುವುದು ತಪ್ಪುತ್ತೆ. ತುಕ್ಕು ಹಿಡಿದ ಅಂಚು ನೋಡಿ ದಪ್ಪ ಹೇಳಬೇಡಿ, ತುಕ್ಕು ಊದಿಕೊಂಡಿರುತ್ತೆ. ಹಂಚೊಂದನ್ನೇ ತೂಕಕ್ಕೆ ಹಾಕಿಸಿ. ಒಂದು ಚದರಡಿ ಕಬ್ಬಿಣ ಒಂದು ಎಂಎಂ ದಪ್ಪಕ್ಕೆ ಸುಮಾರು 730 ಗ್ರಾಂ ಬರುತ್ತೆ. ನಮ್ಮ ಹಂಚು ಮೂರಡಿಗೆ ಎರಡಡಿ, ಅಂದರೆ ಆರು ಚದರಡಿ. ತೂಕ 78 ಕೆಜಿ. ಹದಿನೆಂಟು ಎಂಎಂಗೆ ಮೋಸವಿಲ್ಲ.

ಟೆಂಪೋಗೆ 700 ಕೊಟ್ಟು ತಂದೆ. ನಮ್ಮ ಹೋಟೆಲಲ್ಲಿ ದೋಸೆ ಹುಯ್ಯುವ ಕಾಕಾ ಒಂದು ಸುತ್ತು ಹಾಕಿ ನೋಡಿ, ಏನೂ ಹೇಳದೆ ಒಳಗೆ ಹೋದರು. ಅದು ಭಾವನ ಮಾತಿಗಿಂತ ಜಾಸ್ತಿ ಚುಚ್ಚಿತು.

ಮೊದಲ ಕೆಲಸವೇ ಕೆಟ್ಟಿತು. ಗ್ರೈಂಡರ್‌ಗೆ ತಂತಿ ಬ್ರಷ್ ಹಾಕಿ ಉಜ್ಜಿದೆ. ಎರಡು ಬ್ರಷ್ ಸವೆದವು, ಒಂದಕ್ಕೆ 180. ತುಕ್ಕು ಅರ್ಧವೂ ಹೋಗಲಿಲ್ಲ. ಸಿಟ್ಟು ಬಂದು ಕಲ್ಲಿನ ಡಿಸ್ಕ್ ಹಾಕಿದೆ. ಕಾಲು ಗಂಟೆಯಲ್ಲಿ ತುಕ್ಕೇನೋ ಹೋಯಿತು, ಹಂಚಿನ ನಡುವೆ ಅಂಗೈ ಅಗಲದ ತಗ್ಗು ಬಿತ್ತು. ಬೆರಳಾಡಿಸಿದರೆ ಗೊತ್ತಾಗುತ್ತೆ, ಕಣ್ಣಿಗೆ ಕಾಣಲ್ಲ. ಹಿಟ್ಟಿಗೆ ಮಾತ್ರ ಕಾಣುತ್ತೆ. ಆ ತಪ್ಪು ದಯವಿಟ್ಟು ಮಾಡಬೇಡಿ.

ಆಮೇಲೆ ಹಳೇ ಬೈಕ್ ರಿಪೇರಿ ಮಾಡುವ ಗೆಳೆಯನೊಬ್ಬ ಕರೆಂಟ್ ಸ್ನಾನ ಹೇಳಿಕೊಟ್ಟ. ಅವನು ಪೆಟ್ರೋಲ್ ಟ್ಯಾಂಕ್ ತೊಳೆಯುವುದೇ ಹಾಗೆ. ಹಿತ್ತಲಲ್ಲಿ ಇಟ್ಟಿಗೆಯ ಕಟ್ಟೆ ಕಟ್ಟಿ, ಟಾರ್ಪಾಲ್ ಹಾಸಿ, ನೂರಿಪ್ಪತ್ತು ಲೀಟರ್ ನೀರು ತುಂಬಿದೆ. ಒಂದು ಕೆಜಿ ವಾಷಿಂಗ್ ಸೋಡಾ. ಅಡುಗೆ ಸೋಡಾ ಅಲ್ಲ. ಹನ್ನೆರಡು ವೋಲ್ಟಿನ ಬ್ಯಾಟರಿ ಚಾರ್ಜರ್ ಬಾಡಿಗೆಗೆ ತಂದೆ, ಮೂರು ದಿನಕ್ಕೆ 300. ಮೈನಸ್ ಹಂಚಿಗೆ, ಪ್ಲಸ್ ಯಾವುದಾದರೂ ಕೆಲಸಕ್ಕೆ ಬಾರದ ಕಬ್ಬಿಣದ ತುಂಡಿಗೆ. ಆ ತುಂಡು ಸ್ಟೇನ್‌ಲೆಸ್ ಸ್ಟೀಲಿಂದು ಆಗಬಾರದು, ನೀರು ವಿಷ ಆಗುತ್ತೆ. ಮೇಲೇಳುವ ಗುಳ್ಳೆ ಹೈಡ್ರೋಜನ್, ಹತ್ತಿರ ಬೀಡಿ ಸೇದಬೇಡಿ. ಮುಚ್ಚಿದ ರೂಮಲ್ಲಂತೂ ಬೇಡವೇ ಬೇಡ.

ಮೊದಲ ದಿನ ನೀರು ಚಹಾ ಬಣ್ಣಕ್ಕೆ ತಿರುಗಿ ಮೇಲೆ ಕಂದು ನೊರೆ ಕಟ್ಟಿತು. ಸಂಜೆ ಎತ್ತಿ ಉಜ್ಜಿದರೆ ತುಕ್ಕು ಕಪ್ಪು ಕೆಸರಿನ ಹಾಗೆ ಕೈಗೆ ಬಂತು. ಕಬ್ಬಿಣದ ತುಂಡು ಎದುರಿಗಿದ್ದ ಕಡೆ ಮಾತ್ರ ಬಿಡುತ್ತೆ, ಹಿಂಬದಿ ಹಾಗೇ ಇರುತ್ತೆ. ತಿರುಗಿಸಿ ಹಾಕಬೇಕು. ತಿರುಗಿಸಿ ಹಾಕುವ ಗಡಿಬಿಡಿಯಲ್ಲಿ ಎರಡನೇ ರಾತ್ರಿ ನಾನು ವೈರ್ ಅದಲು ಬದಲು ಮಾಡಿದೆ. ಬೆಳಗ್ಗೆ ನೋಡಿದರೆ ಗುಜರಿ ತುಂಡು ಹೊಚ್ಚ ಹೊಸದಾಗಿತ್ತು. ನನ್ನ ಹಂಚಿನ ಒಂದು ಮೂಲೆ ಗೆದ್ದಲು ತಿಂದ ಹಾಗೆ ಚುಕ್ಕಿ ಚುಕ್ಕಿ. ಮನೆಯವಳು ಬಟ್ಟೆ ಹರವಲು ಬಂದವಳು ನನ್ನ ಮುಖ ನೋಡಿ, "ಆಯ್ತಾ ನಿಮ್ಮ ಸ್ನಾನ?" ಅಂದಳು.

ತಗ್ಗು ಒಂದು ಕಡೆ, ಚುಕ್ಕಿ ಒಂದು ಕಡೆ. ಹರಿಹರದಲ್ಲಿ ಪ್ಲೇನಿಂಗ್ ಮಶೀನ್ ಇಟ್ಟವರ ಹತ್ತಿರ ಒಯ್ದೆ. ಒಂದು ಎಂಎಂಗಿಂತ ಸ್ವಲ್ಪ ಜಾಸ್ತಿ ತೆಗೆದು ಸಪಾಟು ಮಾಡಿಕೊಟ್ಟರು. ಹೋಗಿ ಬರುವ ಬಾಡಿಗೆ ಸೇರಿ 2,600. "ಮೊದಲೇ ಅಲ್ಲಿಗೆ ಒಯ್ದಿದ್ರೆ ಮುಗೀತಿತ್ತಲ್ಲೋ, ಇಷ್ಟೆಲ್ಲಾ ಯಾಕೆ?" ಅಂತ ಭಾವ. ಒಪ್ಪುತ್ತೇನೆ, ಅರ್ಧ. ತುಕ್ಕಿನ ಹಪ್ಪಳ ಸಮೇತ ತಂದಿದ್ದರೆ ಮಶೀನಿನ ಬಾಯಿ ಹೋಗುತ್ತಿತ್ತು, ಮುಟ್ಟುತ್ತಿರಲಿಲ್ಲ ಅಂತ ಮಶೀನಿನವರೇ ಹೇಳಿದರು. ಇದನ್ನು ಭಾವನಿಗೆ ನಾಲ್ಕು ಸಲ ಹೇಳಿದ್ದೇನೆ.

ಬರ್ನರ್ ಕಥೆ ಇನ್ನೂ ಉದ್ದ. ಗಾಳಿ ಆಡದ ಕೊಳವೆ ಬಿಚ್ಚಿ ತಂತಿ ತೂರಿಸಿದರೆ ಒಳಗಿಂದ ಮಣ್ಣಿನ ಉಂಡೆ ಬಂತು. ಕಣಜದ ಗೂಡು. ಒಡೆದರೆ ಒಳಗೆ ಒಣಗಿದ ಜೇಡಗಳು. ಎರಡೂ ಕೊಳವೆಯಲ್ಲಿ ಅದೇ. ಹಳೇ ಬರ್ನರ್ ಹಚ್ಚುವ ಮುಂಚೆ ಇದನ್ನು ನೋಡದೇ ಹೋದರೆ ಗ್ಯಾಸ್ ಮುಂದೆ ಹೋಗಲ್ಲ, ಗಾಳಿ ಕಿಂಡಿಯಿಂದ ಹಿಂದಕ್ಕೆ ಬಂದು ನಿಮ್ಮ ಮೊಣಕಾಲ ಹತ್ತಿರ ಹೊತ್ತಿಕೊಳ್ಳುತ್ತೆ.

ಕೊಳವೆಯ ತೂತುಗಳು ತುಕ್ಕಿಗೆ ಮುಚ್ಚಿದ್ದವು. ಬಿಡಿಸುವ ಬದಲು ಬುದ್ಧಿವಂತಿಕೆ ಮಾಡಿ ಮೂರು ಎಂಎಂ ಡ್ರಿಲ್ ಹಾಕಿ ದೊಡ್ಡದು ಮಾಡಿದೆ. ದೊಡ್ಡ ತೂತು, ದೊಡ್ಡ ಉರಿ ಅಂತ ನನ್ನ ಲೆಕ್ಕ. ಹಚ್ಚಿದೆ. ಚೆನ್ನಾಗಿಯೇ ಹತ್ತಿತು. ಉರಿ ಸಣ್ಣ ಮಾಡಿದ ಕೂಡಲೇ ಟಪ್ ಅಂತ ಸದ್ದಾಗಿ ಬೆಂಕಿ ಕೊಳವೆ ಒಳಗೇ ಹೋಗಿ ಗ್ಯಾಸ್ ಚಿಮ್ಮುವ ಸಣ್ಣ ಮೂತಿ, ಅಂದರೆ ಜೆಟ್ಟಿನ ಬಾಯಲ್ಲಿ ಉರಿಯತೊಡಗಿತು. ಕಾಕಾ ಓಡಿ ಬಂದು ಸಿಲಿಂಡರ್ ಬಂದ್ ಮಾಡಿದರು. ತೂತು ದೊಡ್ಡದಾದರೆ ಗ್ಯಾಸ್ ಹೊರಡುವ ವೇಗ ಕಡಿಮೆ ಆಗುತ್ತೆ, ಬೆಂಕಿ ಹಿಂದಕ್ಕೆ ನಡೆಯುತ್ತೆ. ಇದು ಆಮೇಲೆ ತಲೆಗೆ ಹೋಯಿತು. ಆ ಕೊಳವೆಗಳು ಗುಜರಿಗೆ, ಹೊಸ ಬೀಡು ಕಬ್ಬಿಣದ ಬರ್ನರ್ ಎರಡು, 1,500. ಜೆಟ್ ಕೂಡ ಮೊದಲು ದೊಡ್ಡದು ಹಾಕಿ ಹಳದಿ ಉರಿ ಬಂತು, ಹಂಚಿನ ಬುಡಕ್ಕೆಲ್ಲಾ ಮಸಿ. ಒಂದು ನಂಬರ್ ಸಣ್ಣದು ಹಾಕಿ ಗಾಳಿ ಕಿಂಡಿ ಬಿಟ್ಟ ಮೇಲೆ ನೀಲಿ ಆಯಿತು.

ವಾಲ್ವು, ಪೈಪು, ರೆಗ್ಯುಲೇಟರ್ ಈ ಮೂರರಲ್ಲಿ ಒಂದು ಪೈಸೆ ಉಳಿಸಲಿಲ್ಲ. ಎಲ್ಲಾ ಹೊಸದು, ಐಎಸ್‌ಐ ಗುರುತಿನದು, ಸುಮಾರು 2,200. ಸೋಪಿನ ನೀರು ಹಚ್ಚಿ ಎಲ್ಲಾ ಕೀಲು ನೋಡಿದ ಮೇಲೇ ಬೆಂಕಿ ಕಡ್ಡಿ. ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಕೂರುತ್ತೆ. ಸಿಲಿಂಡರ್ ತಗ್ಗಿನಲ್ಲಿ ಇಡಬೇಡಿ.

ಹಂಚು ಪಳಗಿಸುವುದು, ಅಂದರೆ ದೋಸೆ ಅಂಟದ ಹಾಗೆ ಎಣ್ಣೆಯ ಪದರ ಕಟ್ಟಿಸುವುದು, ನಿಮಗೆಲ್ಲಾ ಗೊತ್ತು, ಈರುಳ್ಳಿ, ಎಣ್ಣೆ, ಉಪ್ಪು. ಆದರೆ ಮಶೀನಿಗೆ ಹೋಗಿ ಬಂದ ಹಂಚು ಬೇರೆ ಜಾತಿ. ಕನ್ನಡಿ ಹಾಗಿರುತ್ತೆ, ಎಣ್ಣೆ ಹಿಡಿಯಲ್ಲ. ತೊಳೆದು ಒರೆಸಿಟ್ಟರೆ ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಕೆಂಪು. ಅಗಸೆ ಎಣ್ಣೆ ಬೇಗ ಕಟ್ಟುತ್ತೆ ಅಂತ ಕೇಳಿ ಧಾರಾಳ ಸುರಿದೆ. ಜಿಗುಟು ಕಟ್ಟಿ, ಎರಡೇ ದಿನಕ್ಕೆ ಪದರ ಎದ್ದು ದೋಸೆಗೆ ಅಂಟಿ ಬಂತು. ದಿನಾ ಬರುವ ಮೇಷ್ಟ್ರೊಬ್ಬರು ದೋಸೆ ಮಗುಚಿ, ಕಪ್ಪು ಚೂರು ಉಗುರಿಂದ ತೆಗೆದು ತಟ್ಟೆಯ ಅಂಚಿಗೆ ಇಟ್ಟರು. ಒಂದು ಮಾತೂ ಆಡಲಿಲ್ಲ. ಅವತ್ತು ಅವರ ಹತ್ತಿರ ದುಡ್ಡು ಇಸಿದುಕೊಳ್ಳಲಿಲ್ಲ.

ಎಲ್ಲಾ ಕೆರೆದು ಹಾಕಿ ಒಂದು ಪ್ರಯೋಗ ಮಾಡಿದೆ. ಹಂಚಿನ ನಾಲ್ಕು ಮೂಲೆಗೆ ನಾಲ್ಕು ಎಣ್ಣೆ: ಶೇಂಗಾ, ಕುಸುಬೆ, ಅಗಸೆ, ನಾಲ್ಕನೆಯದಕ್ಕೆ ಬೆಣ್ಣೆ. ಹಚ್ಚಿ, ಒಣ ಬಟ್ಟೆಯಲ್ಲಿ ಇನ್ನೇನೂ ಉಳಿದಿಲ್ಲ ಅನ್ನುವಷ್ಟು ಒರೆಸಿ, ಹೊಗೆ ನಿಲ್ಲುವವರೆಗೆ ಕಾಯಿಸಿದೆ. ಹೀಗೆ ಐದು ಸಲ. ಬೆಣ್ಣೆ ಸುಟ್ಟು ಕಲೆ ಆಯಿತು, ಅದರಲ್ಲಿ ಹಾಲಿನ ಅಂಶ ಇರುತ್ತಲ್ಲ. ಶೇಂಗಾ ಪರವಾಗಿಲ್ಲ, ನಿಧಾನ. ತೆಳುವಾಗಿ ಹಚ್ಚಿದರೆ ಅಗಸೆ ಕೂಡ ಚೆನ್ನಾಗಿ ಕೂತಿತು, ಆದರೆ ಸಟ್ಟುಗ ತಾಗಿದರೆ ಚಕ್ಕೆ ಏಳುತ್ತೆ. ಗೆದ್ದದ್ದು ಕುಸುಬೆ. ಕೊನೆಯ ಎರಡು ಸುತ್ತಿಗೆ ಕುಸುಬೆ ಜೊತೆ ಇನ್ನೊಂದು ಸೇರಿಸುತ್ತೇನೆ. ಅದು ಕಾಕಾ ಕೊನೆಗೂ ಬಾಯಿ ಬಿಟ್ಟು ಹೇಳಿಕೊಟ್ಟದ್ದು, ಹೊಟ್ಟೆಪಾಡಿನ ವಿಷಯ, ಕೇಳಬೇಡಿ.

ಕಾವು ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಅಂತ ನೋಡಲು ಯಂತ್ರ ಬೇಕಿಲ್ಲ. ಹಂಚಿನ ಮೇಲೆ ಜರಡಿಯಿಂದ ತೆಳುವಾಗಿ ಮೈದಾ ಉದುರಿಸಿ ಉರಿ ಹಚ್ಚಿ. ಎಲ್ಲಿ ಮೊದಲು ಕಂದಾಗುತ್ತೋ ಅಲ್ಲಿ ಬೆಂಕಿ. ನಮ್ಮದರಲ್ಲಿ ಎರಡು ದುಂಡನೆ ಚಂದ್ರ ಮೂಡಿದವು. ಬರ್ನರನ್ನು ಅರ್ಧರ್ಧ ಇಂಚು ಇಳಿಸುತ್ತಾ ಆರು ಸಲ ಮೈದಾ ಸುಟ್ಟೆ. ಕೊನೆಗೆ ಬರ್ನರ್ ಮೇಲೆ ಒಂದು ಸಣ್ಣ ತಗಡು ಅಡ್ಡ ಕೊಟ್ಟ ಮೇಲೆ ಚಂದ್ರ ಹರಡಿ ಒಂದಾಯಿತು. ಎಷ್ಟು ಅಗಲದ ತಗಡು, ಎಷ್ಟು ಎತ್ತರದಲ್ಲಿ, ಅದನ್ನು ನೀವೇ ಮೈದಾ ಸುಟ್ಟು ಕಂಡುಕೊಳ್ಳಿ. ಸತು ಲೇಪದ ಬಿಳಿ ತಗಡು ಮಾತ್ರ ಹಾಕಬೇಡಿ, ಅದರ ಹೊಗೆ ಕುಡಿದರೆ ಜ್ವರ ಬರುತ್ತೆ.

ಖರ್ಚಿಗೆ ಬರೋಣ. ಕಾಲಿನ ವೆಲ್ಡಿಂಗು, ಬಣ್ಣ, ಟಾರ್ಪಾಲು, ಹಾಳಾದ ಬ್ರಷ್ಷು, ಎಣ್ಣೆ, ಮೈದಾ ಎಲ್ಲಾ ಸೇರಿ ಹದಿಮೂರು, ಹದಿಮೂರೂವರೆ ಸಾವಿರ. ತಪ್ಪು ಮಾಡದಿದ್ದರೆ ಹತ್ತರಲ್ಲಿ ಮುಗಿಯುತ್ತಿತ್ತು. ಮೂರು ವಾರದ ನನ್ನ ಮಧ್ಯಾಹ್ನದ ನಿದ್ದೆ ಲೆಕ್ಕಕ್ಕೆ ಹಿಡಿದಿಲ್ಲ. ಮನೆಯವಳು ಹಿಡಿದಿದ್ದಾಳೆ, ಅವಳ ಲೆಕ್ಕದಲ್ಲಿ ಹೊಸದೇ ಅಗ್ಗ.

ದಿನಕ್ಕೆ ನಲವತ್ತೈವತ್ತು ದೋಸೆ ಹುಯ್ಯುವವರು ಹೊಸ ತೆಳು ಹಂಚೇ ತಗೊಳ್ಳಿ. ನಮ್ಮದು ಕಾಯಲು ಬೆಳಗ್ಗೆ ಅರ್ಧ ಗಂಟೆ ಬೇಕು, ಅಷ್ಟು ಗ್ಯಾಸ್ ಸುಮ್ನೆ ಹೋಗುತ್ತೆ. ಆದರೆ ಒಮ್ಮೆ ಕಾದರೆ ಉರಿ ಅರ್ಧಕ್ಕೆ ಇಳಿಸಿ ಸುತ್ತಿನ ಮೇಲೆ ಸುತ್ತು ಹೊಡೆಯಬಹುದು. ನಮ್ಮ ಮೊದಲಿನ ಹಂಚಿಗೆ 19 ಕೆಜಿ ಸಿಲಿಂಡರ್ ಎರಡೂವರೆ ದಿನ ಬರುತ್ತಿತ್ತು. ಇದಕ್ಕೆ ಮೂರು ದಿನ, ಕೆಲವೊಮ್ಮೆ ನಾಲ್ಕನೇ ದಿನದ ತಿಂಡಿವರೆಗೂ ಎಳೆಯುತ್ತೆ.

ಮಟ್ಟ ನೋಡಲು ಕಾಕಾ ಸ್ಪಿರಿಟ್ ಲೆವೆಲ್ ನಂಬಲಿಲ್ಲ. ಮೊದಲ ದಿನ ಬಿಸಿ ಹಂಚಿನ ನಡುವೆ ಒಂದು ಉಂಡೆ ಬೆಣ್ಣೆ ಇಟ್ಟು ಕೈಕಟ್ಟಿ ನಿಂತರು. ಕರಗಿ ನಾಲ್ಕೂ ಕಡೆ ಒಂದೇ ಸಮ ಹರಡಿ, ಕೊನೆಗೆ ಒಂಚೂರು ಎಡಕ್ಕೆ ಸರಿಯಿತು. ಎಡಗಾಲಿನ ಕೆಳಗೆ ಎರಡು ರೂಪಾಯಿ ನಾಣ್ಯ ಒಂದು ತೂರಿಸಿದರು. ಈಗಲೂ ಅಲ್ಲೇ ಇದೆ.

ಚುಕ್ಕಿ ಬಿದ್ದ ಆ ಮೂಲೆ ಮಾತ್ರ ಪೂರ್ತಿ ಸರಿ ಹೋಗಲಿಲ್ಲ. ಮಶೀನಿಗೂ ಸಿಗದ ಆಳದ ನಾಲ್ಕೈದು ತೂತು ಉಳಿದಿವೆ, ದೋಸೆ ಅಲ್ಲಿ ಹಿಡಿದುಕೊಳ್ಳುತ್ತೆ. ಅಲ್ಲಿ ಆಲೂಗಡ್ಡೆ ಪಲ್ಯದ ಬೋಗುಣಿ ಇಟ್ಟಿದ್ದೇವೆ. ಪಲ್ಯ ಬಿಸಿಯಾಗಿರುತ್ತೆ.