ಪರಿಸರ ತೋಟಗಾರಿಕೆ ಓದಲು ಹೊರಟವರಿಗೆ

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೇ ನಿಂತು 40 ಸಸಿ ನೆಡಿಸಿದ್ದೆ. ಸಾಲು ದಾರ ಹಿಡಿದ ಹಾಗಿತ್ತು, ಊರುಗೋಲು ಗಟ್ಟಿಯಾಗಿತ್ತು, ನೀರು ಒಂದು ದಿನವೂ ತಪ್ಪಿರಲಿಲ್ಲ. ಮೂರನೇ ವರ್ಷ 11 ಗಿಡಗಳು ತುದಿಯಿಂದ ಒಣಗಲು ಶುರುವಾದವು. ಎಲೆ ತಿರುಗಿಸಿ ಹುಳು ಹುಡುಕಿದೆ, ತೊಗಟೆ ಕೆರೆದು ಶಿಲೀಂಧ್ರ ಹುಡುಕಿದೆ. ಕೊನೆಗೆ ಒಂದು ಗಿಡದ ಬುಡದ ಮಣ್ಣನ್ನು ಬೆರಳಿನಿಂದ ಬಿಡಿಸುತ್ತ ಹೋದಾಗ ಕಾರಣ ಸಿಕ್ಕಿತು. ಕಾಂಡ ಅಗಲವಾಗಿ ಬೇರಾಗುವ ಜಾಗ ನೆಲದ ಮಟ್ಟದಲ್ಲಿ ಕಾಣಬೇಕು. ಇಲ್ಲಿ ಅದು ಒಂದು ಗೇಣು ಕೆಳಗಿತ್ತು. ನರ್ಸರಿ ಚೀಲದೊಳಗೆ ಸುತ್ತು ಹೊಡೆದಿದ್ದ ಬೇರು ಹಾಗೇ ದಪ್ಪವಾಗಿ ಕಾಂಡಕ್ಕೆ ಉರುಳು ಹಾಕಿತ್ತು. ಇದನ್ನೆಲ್ಲ ನಾನು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ತಲೆಗೆ ಬಂದದ್ದು ಕೈಗೆ ಬಂದಿರಲಿಲ್ಲ.

ಆಮೇಲೆ 20 ವರ್ಷಕ್ಕೂ ಹೆಚ್ಚು ಕಾಲ ಇದೇ ಕೆಲಸದಲ್ಲಿದ್ದೇನೆ. ಮೊದಲು ನರ್ಸರಿ, ನಂತರ ಉದ್ಯಾನ ನಿರ್ಮಾಣ, ಈಗ ದೊಡ್ಡ ಆವರಣವೊಂದರ ಹಳೆಯ ಮರಗಳ ಆರೈಕೆ. ಈ ಕೋರ್ಸ್ ಸೇರಬಹುದೇ ಎಂದು ಕೇಳುವವರಿಗೆ ನಾನು ಆ 11 ಗಿಡಗಳ ಕಥೆಯನ್ನೇ ಮೊದಲು ಹೇಳುತ್ತೇನೆ. ಖಂಡಿತ ಸೇರಿ. ಆದರೆ ಮಣ್ಣು ಅಗೆದು ಬೇರು ನೋಡುವ ಅವಕಾಶ ಎಲ್ಲಿ ಹೆಚ್ಚು ಸಿಗುತ್ತದೋ ಅಲ್ಲಿಗೆ ಸೇರಿ.

ಈ ಓದು ಯಾವುದರ ಬಗ್ಗೆ

ತೋಟಗಾರಿಕೆ ಅಂದ ಕೂಡಲೇ ಹಣ್ಣು, ತರಕಾರಿ, ಹೂವಿನ ಬೆಳೆ ಕಣ್ಣ ಮುಂದೆ ಬರುತ್ತದೆ. ಅಲ್ಲಿ ಲೆಕ್ಕ ಇಳುವರಿಯದ್ದು. ಪರಿಸರ ತೋಟಗಾರಿಕೆಯವರು ಬೆಳೆಸಿದ್ದನ್ನು ಯಾರೂ ಕೊಯ್ದು ತೂಗುವುದಿಲ್ಲ. ಬೀದಿಯ ಮರ, ಉದ್ಯಾನ, ಆಟದ ಮೈದಾನದ ಹುಲ್ಲು, ಚಾವಣಿಯ ಮೇಲಿನ ತೋಟ, ಆಸ್ಪತ್ರೆಯ ಅಂಗಳ, ಮಳೆನೀರು ಇಂಗಲೆಂದು ಗಿಡ ಬೆಳೆಸಿದ ತಗ್ಗು, ಇವೇ ಇಲ್ಲಿನ ಹೊಲಗದ್ದೆ. ನೆರಳು, ತಂಪು, ಇಂಗಿದ ನೀರು, ಮನುಷ್ಯರ ನೆಮ್ಮದಿ ಇಲ್ಲಿನ ಫಸಲು.

ನೆಮ್ಮದಿಯನ್ನೂ ಅಳೆದು ನೋಡಿದವರಿದ್ದಾರೆ. ಅಮೆರಿಕದ ಸಂಶೋಧಕ ರೋಜರ್ ಅಲ್ರಿಚ್ ಅವರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಜೋಡಿ ಜೋಡಿಯಾಗಿ ಹೋಲಿಸಿದರು. ಅರ್ಧ ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದವರ ಕಿಟಕಿಯಿಂದ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಅವರಿಗೆ ಪ್ರಬಲ ನೋವುನಿವಾರಕಗಳು ಕಡಿಮೆ ಬೇಕಾದವು. ಎರಡನೇ ವರ್ಷದಲ್ಲಿ ಅದನ್ನು ಓದಿದ ದಿನ, ನಾನು ಕಲಿಯುತ್ತಿರುವುದು ಎಂಥ ವಿದ್ಯೆ ಎಂದು ನನಗೆ ನಿಜವಾಗಿ ಅರಿವಾಯಿತು.

ಈ ವಿಷಯಕ್ಕೆ ಎಲ್ಲ ಕಡೆ ಒಂದೇ ಹೆಸರಿಲ್ಲ. ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಪರಿಸರ ತೋಟಗಾರಿಕೆ ಎಂದೇ ವಿಭಾಗವಿದೆ. ಅಲ್ಲಿನದೇ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಗರ ತೋಟಗಾರಿಕೆಯ ಹೆಸರಿನಲ್ಲಿ ಸಂಸ್ಥೆಯಿದೆ. ಬೇರೆಡೆ ಲ್ಯಾಂಡ್‌ಸ್ಕೇಪ್ ತೋಟಗಾರಿಕೆ, ಅಲಂಕಾರಿಕ ತೋಟಗಾರಿಕೆ ಎನ್ನಬಹುದು, ಸಸ್ಯವಿಜ್ಞಾನದ ಒಂದು ಶಾಖೆಯಾಗಿಯೂ ಇರಬಹುದು. ಹೆಸರು ಪಕ್ಕಕ್ಕಿಟ್ಟು ಪಠ್ಯಕ್ರಮ ತೆಗೆದು ನೋಡಿ. ಸಸ್ಯ ಗುರುತಿಸುವಿಕೆ, ಮಣ್ಣುವಿಜ್ಞಾನ, ಸಸ್ಯ ಶರೀರಕ್ರಿಯೆ, ರೋಗ ಮತ್ತು ಕೀಟ, ಸಸ್ಯಾಭಿವೃದ್ಧಿ, ನೀರಾವರಿ, ಮರಗಳ ಆರೈಕೆ ಇಷ್ಟೂ ಅದರಲ್ಲಿರಬೇಕು. ಜಾಗದ ನಕ್ಷೆ, ವಿನ್ಯಾಸವೇ ನಿಮ್ಮ ಆಸೆಯಾಗಿದ್ದರೆ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಬೇರೆಯೇ ಕೋರ್ಸ್, ಹಲವು ದೇಶಗಳಲ್ಲಿ ಅದಕ್ಕೆ ಪ್ರತ್ಯೇಕ ಪರವಾನಗಿಯೂ ಬೇಕು. ಇದನ್ನು ಸೇರಿದ ಮೇಲೆ ತಿಳಿದುಕೊಂಡು ಬೇಸರಪಟ್ಟ ಸಹಪಾಠಿಗಳು ನನಗಿದ್ದರು.

ಸೇರುವ ಮೊದಲು

ಜೀವಶಾಸ್ತ್ರ ಬೇಕೆಂಬುದು ಎಲ್ಲರಿಗೂ ಗೊತ್ತು. ರಸಾಯನಶಾಸ್ತ್ರವನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ, ಆಮೇಲೆ ಮಣ್ಣಿನ ಹುಳಿ, ಲವಣಾಂಶ, ಗೊಬ್ಬರದ ಪಾಠ ಬಂದಾಗ ತಡವರಿಸುತ್ತಾರೆ. ಗಣಿತ ದೊಡ್ಡದೇನೂ ಬೇಡ. ಒಂದು ಚದರ ಮೀಟರ್ ಜಾಗಕ್ಕೆ 1 ಮಿಲಿಮೀಟರ್ ನೀರು ಅಂದರೆ 1 ಲೀಟರ್, ಇಂಥ ಲೆಕ್ಕ ಬಾಯಲ್ಲೇ ಬರುವಂತಿದ್ದರೆ ಸಾಕು.

ವಿಶ್ವವಿದ್ಯಾಲಯ ನೋಡಲು ಹೋದರೆ ಸಭಾಂಗಣ ನೋಡಿ ವಾಪಸ್ ಬರಬೇಡಿ. ಗಾಜಿನ ಮನೆ, ಮಡಿಗಳು, ಮಣ್ಣು ಕಲಸುವ ಜಾಗ ಎಲ್ಲಿದೆ ಎಂದು ಕೇಳಿ ಅಲ್ಲಿಗೆ ಹೋಗಿ. ರಜಾದಿನಗಳಲ್ಲಿ ಗಿಡಗಳಿಗೆ ನೀರು ಹಾಕುವವರು ಯಾರು ಎಂದು ಕೇಳಿ. ವಿದ್ಯಾರ್ಥಿಗಳೇ ಸರದಿ ಹಾಕಿಕೊಂಡಿದ್ದರೆ ಅದು ಒಳ್ಳೆಯ ಜಾಗ. ಕುಂಡದಲ್ಲಿ ಗಿಡ ಬಾಡುವುದನ್ನು ನೋಡಿ ನೀರಿನ ಅಳತೆ ಕಲಿತವರು ಅದನ್ನು ಮರೆಯುವುದಿಲ್ಲ. ವಾರಕ್ಕೆ ಎಷ್ಟು ಗಂಟೆ ಹೊರಗಿನ ಕೆಲಸ, ಇಂಟರ್ನ್‌ಶಿಪ್ ಎಷ್ಟು ದಿನ ಎಂದು ಕೇಳಿ. ನಾಲ್ಕು ವಾರದ ಇಂಟರ್ನ್‌ಶಿಪ್‌ನಲ್ಲಿ ಗಿಡ ನೆಡುವುದನ್ನು ನೋಡಬಹುದು, ಅದು ನೆಲ ಹಿಡಿಯಿತೋ ಇಲ್ಲವೋ ತಿಳಿಯದು. ಒಂದು ಋತು ಪೂರ್ತಿ ಒಂದೇ ಕಡೆ ಇರುವಂತಿದ್ದರೆ ಅದನ್ನೇ ಆರಿಸಿ.

ಮೊದಲ ವರ್ಷ

ನಮಗೆ ಪ್ರತಿ ವಾರ ಮೇಜಿನ ಮೇಲೆ 20 ಕೊಂಬೆಗಳನ್ನು ಇಡುತ್ತಿದ್ದರು. ಕುಲ, ಪ್ರಭೇದ, ಕುಟುಂಬ ಮೂರನ್ನೂ ತಪ್ಪಿಲ್ಲದೆ ಬರೆಯಬೇಕು. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ತಮಗೆ ಗೊತ್ತಿದ್ದ ಎಲ್ಲ ಸಸ್ಯಗಳಿಗೂ ಎರಡು ಪದಗಳ ಹೆಸರನ್ನು ಗೊತ್ತುಮಾಡಿದ ಪದ್ಧತಿಯೇ ಇಂದಿಗೂ ನಡೆಯುತ್ತಿದೆ. ಆಡುಮಾತಿನ ಹೆಸರು ನಂಬಿ ಗಿಡ ತರಿಸಿದರೆ ಬೇರೆ ಗಿಡ ಬಂದು ಇಳಿಯುತ್ತದೆ. ಹತ್ತು ಮೀಟರ್ ಬೆಳೆಯುವ ಮರ ವಿದ್ಯುತ್ ತಂತಿಯ ಕೆಳಗೆ ಕೂರುವುದು ಎಷ್ಟೋ ಸಲ ಹೀಗೆಯೇ.

ಹೂವು ನೋಡಿ ಗುರುತಿಸುವ ಅಭ್ಯಾಸ ಮಾಡಿಕೊಳ್ಳಬೇಡಿ. ಹೂವು ವರ್ಷಕ್ಕೆ ಕೆಲವೇ ದಿನ. ಎಲೆಗಳು ಎದುರುಬದುರಾಗಿವೆಯೋ ಒಂದಾದ ಮೇಲೊಂದಿವೆಯೋ, ಮುರಿದರೆ ಹಾಲು ಬರುತ್ತದೆಯೋ, ಉಜ್ಜಿದರೆ ಏನು ವಾಸನೆ, ಮೊಗ್ಗಿನ ಹೊದಿಕೆ ಹೇಗಿದೆ, ತೊಗಟೆ ಸೀಳಿದೆಯೋ ಸುಲಿದಿದೆಯೋ, ಇಷ್ಟನ್ನು ಭೂತಗನ್ನಡಿ ಹಿಡಿದು ನೋಡಿ. ನಾನು ದಿನಕ್ಕೊಂದು ಕೊಂಬೆ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ಸಂಜೆ ಹೊತ್ತಿಗೆ ಅದು ಬಾಡಿದ ಮೇಲೂ ಗುರುತು ಸಿಕ್ಕರೆ ಆ ಹೆಸರು ನನ್ನದಾಯಿತು ಎಂದು ಲೆಕ್ಕ.

ಇನ್ನು ಮಣ್ಣು. ನನ್ನ ಮಟ್ಟಿಗೆ ಇಡೀ ಪದವಿಯಲ್ಲಿ ಇದಕ್ಕಿಂತ ದೊಡ್ಡ ಪಾಠವಿಲ್ಲ. ಒಳ್ಳೆಯ ಮಣ್ಣಿನಲ್ಲಿ ಅರ್ಧ ಭಾಗ ಬರೀ ಸಂದು, ಆ ಸಂದಿನಲ್ಲಿ ಅರ್ಧ ಗಾಳಿ, ಅರ್ಧ ನೀರು. ಬೇರು ಉಸಿರಾಡುವುದು ಆ ಗಾಳಿಯನ್ನು. ಲಾರಿ, ರೋಲರ್ ಓಡಾಡಿದ ಜಾಗದಲ್ಲಿ ಸಂದುಗಳು ಮುಚ್ಚಿಹೋಗುತ್ತವೆ. ಅಳೆಯುವುದು ಸುಲಭ: ಗೊತ್ತಿರುವ ಗಾತ್ರದ ಉಕ್ಕಿನ ಬಳೆಯನ್ನು ನೆಲಕ್ಕೆ ಹೊಡೆದು ಮಣ್ಣು ತೆಗೆಯಿರಿ, 105 ಡಿಗ್ರಿ ಶಾಖದಲ್ಲಿ ಪೂರ್ತಿ ಒಣಗಿಸಿ ತೂಗಿ, ಗಾತ್ರದಿಂದ ಭಾಗಿಸಿ. ಜೇಡಿಮಣ್ಣಿನಲ್ಲಿ ಘನ ಸೆಂಟಿಮೀಟರಿಗೆ ಸುಮಾರು 1.47 ಗ್ರಾಂ, ಮರಳಿನಲ್ಲಿ 1.8 ಗ್ರಾಂ ದಾಟಿತೆಂದರೆ ಬೇರು ಮುಂದೆ ಹೋಗಲಾರದು. ಕಟ್ಟಡ ಮುಗಿದ ಜಾಗದಲ್ಲಿ ನೆಟ್ಟ ಗಿಡ ಏಳದಿದ್ದರೆ ಗೊಬ್ಬರ ಸುರಿಯುವವರೇ ಹೆಚ್ಚು. ಮೊದಲು ಈ ತೂಕ ನೋಡಬೇಕು.

ಈ ತೊಂದರೆಗೆ ಕಾರ್ನೆಲ್‌ನ ನೀನಾ ಬ್ಯಾಸುಕ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಒಂದು ದಾರಿ ಕಂಡುಹಿಡಿದರು. ಪಾದಚಾರಿ ಮಾರ್ಗದ ಕೆಳಗೆ ಜಲ್ಲಿ ಮತ್ತು ಮಣ್ಣಿನ ಮಿಶ್ರಣ ತುಂಬುವುದು. ಭಾರವನ್ನು ಜಲ್ಲಿ ಹೊರುತ್ತದೆ, ಜಲ್ಲಿಯ ಸಂದಿನಲ್ಲಿರುವ ಮಣ್ಣಿನಲ್ಲಿ ಬೇರು ಹರಿಯುತ್ತದೆ. ಕಲ್ಲುಹಾಸಿನ ನಡುವೆ ಮರ ಬೆಳೆಸುವವರಿಗೆ ಇದು ಗೊತ್ತಿರಲೇಬೇಕು.

ಮುಂದಿನ ವರ್ಷಗಳು

ಸಸ್ಯಾಭಿವೃದ್ಧಿ ಎಲ್ಲರಿಗೂ ಇಷ್ಟವಾಗುತ್ತದೆ: ಕಡ್ಡಿ ನಾಟಿ, ಕಸಿ, ಗೂಟಿ, ಅಂಗಾಂಶ ಕೃಷಿ. ಕೈ ಪಳಗಲು ನೂರಾರು ಕಡ್ಡಿ ನೆಡಬೇಕು, ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

ಮರಗಳ ಆರೈಕೆಯ ಪಾಠದಲ್ಲಿ ಅಲೆಕ್ಸ್ ಶಿಗೊ ಅವರ ಹೆಸರು ಕೇಳುತ್ತೀರಿ. ಅಮೆರಿಕದ ಈ ಸಸ್ಯರೋಗ ವಿಜ್ಞಾನಿ ಸಾವಿರಾರು ಮರಗಳನ್ನು ಚೈನ್‌ಸಾದಿಂದ ಉದ್ದುದ್ದಕ್ಕೆ ಸೀಳಿ ಒಳಗಿನ ಕೊಳೆಯನ್ನು ಗಮನಿಸಿದರು. ಮರ ನಮ್ಮ ಚರ್ಮದಂತೆ ಗಾಯ ಮಾಯಿಸುವುದಿಲ್ಲ, ಕೆಟ್ಟ ಭಾಗದ ಸುತ್ತ ಗೋಡೆ ಕಟ್ಟಿ ಅದನ್ನು ಅಲ್ಲೇ ತಡೆದು ಮುಂದೆ ಬೆಳೆಯುತ್ತದೆ ಎಂಬ ಅವರ ವಿವರಣೆ 1977ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು ಕೊಂಬೆಯನ್ನು ಕಾಂಡಕ್ಕೆ ಸಮನಾಗಿ ಕತ್ತರಿಸಿ ಬಣ್ಣ ಬಳಿಯುವುದೇ ಸರಿಯಾದ ಕ್ರಮ ಎನಿಸಿಕೊಂಡಿತ್ತು. ಈಗ ಕೊಂಬೆಯ ಬುಡದ ಉಬ್ಬನ್ನು ಉಳಿಸಿ, ಅದರ ಹೊರಗೆ ಕತ್ತರಿಸುತ್ತೇವೆ, ಬಣ್ಣ ಬಳಿಯುವುದಿಲ್ಲ. ಹಳೆಯ ರೂಢಿ ಇನ್ನೂ ಹಲವೆಡೆ ಇದೆ. ಹಿರಿಯ ಕೆಲಸಗಾರರಿಗೆ ಪುಸ್ತಕ ತೋರಿಸಿ ವಾದ ಮಾಡಬೇಡಿ, ಹಳೆಯ ಗಾಯವೊಂದನ್ನು ಜೊತೆಯಲ್ಲಿ ಹೋಗಿ ನೋಡಿ.

ರೋಗ ಮತ್ತು ಕೀಟದ ವಿಷಯದಲ್ಲಿ ಹೆಸರುಗಳ ಪಟ್ಟಿಗಿಂತ ಒಂದು ಕಥೆ ನೆನಪಿಡಿ. ಉತ್ತರ ಅಮೆರಿಕದ ಬೀದಿಬೀದಿಗಳಲ್ಲಿ ಎಲ್ಮ್ ಮರಗಳೇ ತುಂಬಿದ್ದವು. ಡಚ್ ಎಲ್ಮ್ ರೋಗ ಬಂದು ಅವು ಸತ್ತವು. ಎಷ್ಟೋ ಊರುಗಳಲ್ಲಿ ಆ ಜಾಗಕ್ಕೆ ಆ್ಯಶ್ ಮರಗಳನ್ನು ಸಾಲಾಗಿ ನೆಟ್ಟರು. 2002ರಲ್ಲಿ ಮಿಷಿಗನ್‌ನಲ್ಲಿ ಏಷ್ಯಾ ಮೂಲದ ಕಾಂಡಕೊರಕ ಪತ್ತೆಯಾಯಿತು, ಆ ಮರಗಳೂ ಸಾಯತೊಡಗಿದವು. ಒಂದು ನಗರದ ಮರಗಳಲ್ಲಿ ಒಂದೇ ಪ್ರಭೇದ ಶೇ. 10, ಒಂದೇ ಕುಲ ಶೇ. 20, ಒಂದೇ ಕುಟುಂಬ ಶೇ. 30 ಮೀರಬಾರದು ಎಂದು ಅಮೆರಿಕದ ಸಸ್ಯವಿಜ್ಞಾನಿ ಫ್ರಾಂಕ್ ಸ್ಯಾಂಟಮೋರ್ ಈ ಕೊರಕ ಬರುವ ಮೊದಲೇ, 1990ರಲ್ಲಿ ಹೇಳಿದ್ದರು. ಕುಟುಂಬದ ಹೆಸರನ್ನೂ ಬಾಯಿಪಾಠ ಮಾಡಿಸುವುದು ಏಕೆ ಎಂದು ಕೇಳುವವರಿಗೆ ಉತ್ತರ ಇದರಲ್ಲಿದೆ.

ಇನ್ನೊಂದು ಕೆಲಸ ಯಾವ ಪಠ್ಯದಲ್ಲೂ ಇರದು, ನೀವೇ ಮಾಡಿಕೊಳ್ಳಬೇಕು. ಸೇರಿದ ಮೊದಲ ವಾರ ಹೊಸದಾಗಿ ನೆಟ್ಟ ಒಂದು ಮರ ಆರಿಸಿ. ತಿಂಗಳಿಗೊಮ್ಮೆ ಕಾಂಡದ ಸುತ್ತಳತೆ, ಆ ವರ್ಷದ ಚಿಗುರಿನ ಉದ್ದ, ಎಲೆಯ ಬಣ್ಣ, ಬುಡದ ಮಣ್ಣಿನ ಸ್ಥಿತಿ ಬರೆದಿಡಿ. ಪದವಿ ಮುಗಿಯುವ ತನಕ ಬಿಡಬೇಡಿ. ಒಂದೊಂದು ವಿಷಯ ಒಂದೊಂದು ಅವಧಿಗೆ ಮುಗಿದುಹೋಗುತ್ತದೆ, ಮರದ ಕೆಲಸ ವರ್ಷಗಳದ್ದು. ನಾನು ವಿದ್ಯಾರ್ಥಿಯಾಗಿದ್ದಾಗ ಹೀಗೆ ಒಂದು ಮರದ ಜೊತೆ ಇದ್ದಿದ್ದರೆ ಆ 11 ಗಿಡಗಳನ್ನು ಆಳಕ್ಕೆ ನೆಡಿಸುತ್ತಿರಲಿಲ್ಲ.

ಓದಿದ ಮೇಲೆ

ಕೆಲಸದ ಹೆಸರು ನೋಡಿ ಆರಿಸಬೇಡಿ, ಆ ಕೆಲಸದ ಒಂದು ದಿನ ಹೇಗಿರುತ್ತದೆ ಎಂದು ಕೇಳಿ ಆರಿಸಿ.

ನರ್ಸರಿಯಲ್ಲಿ ದಿನ ನಸುಕಿಗೇ ಶುರು. ಒಂದೇ ಗಿಡವನ್ನು ಸಾವಿರ ಸಲ ನೋಡುವ ತಾಳ್ಮೆ ಬೇಕು. ಕಣ್ಣು ಪಳಗಲು ಅದಕ್ಕಿಂತ ಒಳ್ಳೆಯ ಶಾಲೆಯಿಲ್ಲ, ಯಾರೇ ಆಗಲಿ ಅಲ್ಲಿ ಒಂದೆರಡು ವರ್ಷ ಇರಬೇಕು ಎನ್ನುವವರಲ್ಲಿ ನಾನೂ ಒಬ್ಬ. ಉದ್ಯಾನ ನಿರ್ಮಾಣದಲ್ಲಿ ಗಿಡದಷ್ಟೇ ಜನರ ಜೊತೆ ಕೆಲಸ: ಗಾರೆಯವರು, ಪೈಪಿನವರು, ಗುತ್ತಿಗೆಯ ಗಡುವು. ಮೈದಾನದ ಹುಲ್ಲು ನೋಡಿಕೊಳ್ಳುವವರ ದಿನ ಪಂದ್ಯದ ವೇಳಾಪಟ್ಟಿಯ ಮೇಲೆ ನಡೆಯುತ್ತದೆ, ಹುಲ್ಲಿನ ಎತ್ತರವನ್ನು ಮಿಲಿಮೀಟರ್‌ನಲ್ಲಿ ಅಳೆಯುವ ಶಿಸ್ತು ಅವರದು.

ಮರ ಹತ್ತುವ ಧೈರ್ಯ ಮತ್ತು ದೇಹ ಇದ್ದರೆ ಆರ್ಬರಿಸ್ಟ್, ಅಂದರೆ ಮರಗಳ ಆರೈಕೆಯ ತಜ್ಞರು, ಆಗಬಹುದು. 1924ರಲ್ಲಿ ಶುರುವಾದ ಅಂತರರಾಷ್ಟ್ರೀಯ ಆರ್ಬರಿಕಲ್ಚರ್ ಸೊಸೈಟಿಯ ಪ್ರಮಾಣಪತ್ರ ಹಲವು ದೇಶಗಳಲ್ಲಿ ನಡೆಯುತ್ತದೆ. ಅದರ ಪರೀಕ್ಷೆಗೆ ಕೂರಲು ಮೂರು ವರ್ಷದ ಅನುಭವ ಬೇಕು, ಸಂಬಂಧಪಟ್ಟ ನಾಲ್ಕು ವರ್ಷದ ಪದವಿ ಇದ್ದರೆ ಒಂದು ವರ್ಷ ಸಾಕು. ನಗರಾಡಳಿತದಲ್ಲಿ ಮರಗಳ ಅಧಿಕಾರಿಯಾದರೆ ನಕ್ಷೆ, ಗಣತಿ, ದೂರು, ಬಜೆಟ್ ಹೆಚ್ಚು. ಪ್ರತಿ ಮನೆಯಿಂದ 3 ಮರ ಕಾಣಬೇಕು, ಬಡಾವಣೆಯ ಶೇ. 30 ಭಾಗಕ್ಕೆ ಮರದ ನೆರಳಿರಬೇಕು, 300 ಮೀಟರ್ ಒಳಗೆ ಉದ್ಯಾನವಿರಬೇಕು ಎಂದು ನಗರ ಅರಣ್ಯ ತಜ್ಞ ಸೆಸಿಲ್ ಕೊನೈನೆನ್‌ಡೈಕ್ 2021ರಲ್ಲಿ ಮುಂದಿಟ್ಟ ಅಳತೆಗೋಲನ್ನು ಈಗ ಈ ಕೆಲಸದವರೆಲ್ಲ ಬಲ್ಲರು.

ಸಸ್ಯೋದ್ಯಾನಗಳ ಬಾಗಿಲು ಕಿರಿದು, ಆದರೆ ಒಳಗೆ ಹೋದವರು ಹೊರಬರಲು ಬಯಸುವುದಿಲ್ಲ. 1545ರಲ್ಲಿ ಸ್ಥಾಪನೆಯಾದ ಇಟಲಿಯ ಪಡುವಾದ ಉದ್ಯಾನ ಇಂದಿಗೂ ವಿಶ್ವವಿದ್ಯಾಲಯದ ಭಾಗವಾಗಿಯೇ ಇದೆ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡುತ್ತಲೇ ಕಲಿಯುವ ಡಿಪ್ಲೊಮಾಕ್ಕೆ ದೊಡ್ಡ ಹೆಸರಿದೆ. ಸಂಶೋಧನೆ, ಬೋಧನೆ, ಆಸ್ಪತ್ರೆ ಮತ್ತು ವೃದ್ಧಾಶ್ರಮಗಳಲ್ಲಿ ತೋಟದ ಮೂಲಕ ಆರೈಕೆ, ಇವಕ್ಕೆಲ್ಲ ಪದವಿಯ ಮೇಲೆ ಇನ್ನಷ್ಟು ಓದಬೇಕಾಗುತ್ತದೆ.

ಮೊದಲ ಎರಡು ವರ್ಷ ಮೈಗೆ ಕಷ್ಟ. ಬಿಸಿಲು, ಬೆನ್ನು, ಮಂಡಿ. ಭಾರ ಎತ್ತುವ ಸರಿಯಾದ ರೀತಿಯನ್ನು, ಯಂತ್ರದ ಸುರಕ್ಷತೆಯನ್ನು ಕಲಿಸುವ ಜಾಗದಲ್ಲೇ ಕೆಲಸ ಶುರು ಮಾಡಿ.

ಆ 11 ಗಿಡಗಳಲ್ಲಿ ಏಳನ್ನು ಉಳಿಸಿಕೊಂಡೆವು. ಬುಡದ ಮಣ್ಣು ತೆಗೆದು, ಉರುಳಾದ ಬೇರುಗಳನ್ನು ಎರಡು ಋತುಗಳಲ್ಲಿ ಸ್ವಲ್ಪಸ್ವಲ್ಪವೇ ಕತ್ತರಿಸಿ, ನೆಲವನ್ನು ಸುತ್ತಲೂ ಇಳಿಜಾರು ಮಾಡಿದೆವು. ಈಗ ನಾನು ಕೆಲಸಕ್ಕೆ ಜನರನ್ನು ಆರಿಸುವಾಗ ಅಂಕಪಟ್ಟಿ ನೋಡಿದ ಮೇಲೆ ಹೊರಗೆ ಕರೆದೊಯ್ದು ಒಂದು ಎಳೆಯ ಮರದ ಮುಂದೆ ನಿಲ್ಲಿಸುತ್ತೇನೆ, ಇದು ಹೇಗಿದೆ ಎಂದಷ್ಟೇ ಕೇಳುತ್ತೇನೆ. ಹೆಚ್ಚಿನವರು ತಲೆ ಎತ್ತಿ ಎಲೆ ನೋಡುತ್ತಾರೆ. ಮಂಡಿಯೂರಿ ಬುಡದ ಮಣ್ಣು ಸರಿಸಿದವರ ಜೊತೆ ನಮ್ಮ ಮಾತು ಮುಂದುವರಿಯುತ್ತದೆ.