ಶಾರ್ಕ್ ಬಾಯಿಗೆ ಹೋಗುವ ಮುನ್ನ: ಐಸ್ ಹಾಕಿ ನೋಡಲು ಒಂದು ವಾರದ ತಯಾರಿ

ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಮಗನ ಮನೆಗೋ ಮಗಳ ಮನೆಗೋ ಹೋದವರಿಗೆ ಗೋಲ್ಡನ್ ಗೇಟ್ ಸೇತುವೆ, ಒಂದೆರಡು ದೇವಸ್ಥಾನ, ನಾಲ್ಕು ಸಲ ಕಾಸ್ಟ್‌ಕೋ ಎಲ್ಲ ಮುಗಿದ ಮೇಲೆ ಒಂದು ಸಂಜೆ ಈ ಮಾತು ಬರುತ್ತದೆ: "ಶನಿವಾರ ಶಾರ್ಕ್ಸ್ ಆಟಕ್ಕೆ ಟಿಕೆಟ್ ತಗೊಂಡಿದೀನಿ, ಬರ್ತೀರಾ?" ಶಾರ್ಕ್ಸ್ ಎಂದರೆ ಆ ಊರಿನ ಐಸ್ ಹಾಕಿ ತಂಡ.

ನಮ್ಮ ಮಾವನವರಿಗೂ ಹೀಗೇ ಆಯಿತು. ಅವರು ವಿರಾಜಪೇಟೆ ಕಡೆಯವರು, ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ತಮ್ಮ ಒಕ್ಕದ ಪರವಾಗಿ ಆಡಿದವರು. "ಹಾಕಿ ತಾನೆ? ಅದರಲ್ಲಿ ನನಗೇನು ಹೇಳಿಕೊಡೋದು?" ಎಂದು ಜರ್ಕಿನ್ ಕೂಡ ಹಾಕದೆ ಹೊರಟರು. ಮೊದಲ ಹತ್ತು ನಿಮಿಷ ಅವರು ಕೇಳಿದ್ದು ಒಂದೇ ಪ್ರಶ್ನೆ: "ಚೆಂಡೆಲ್ಲಿ ಮಾರಾಯ?" ಆಮೇಲೆ ಚಳಿಗೆ ಕೈ ಕಟ್ಟಿಕೊಂಡು ಸುಮ್ಮನೆ ಕೂತರು. ಎರಡನೇ ಸಲ ಹೋಗುವ ಮುನ್ನ ಒಂದು ವಾರ ದಿನಕ್ಕೆ ಅರ್ಧ ಗಂಟೆಯಂತೆ ತಯಾರಿ ಮಾಡಿಕೊಂಡೆವು. ಆಟ ಅದೇ, ಸೀಟು ಮೊದಲಿನದಕ್ಕಿಂತ ಅಗ್ಗದ್ದು, ಆದರೆ ಮಾವ ಬೇರೆಯೇ ಮನುಷ್ಯರಾಗಿದ್ದರು. ಆ ವಾರ ಏನೇನು ಮಾಡಿದೆವು ಎಂಬುದೇ ಈ ಲೇಖನ.

ಮೊದಲ ಹೆಜ್ಜೆ: ಗಾಜಿನ ಪಕ್ಕದ ಸೀಟಿಗೆ ಆಸೆಪಡಬೇಡಿ

ಸ್ಯಾನ್ ಹೋಸೆ ಶಾರ್ಕ್ಸ್ ತಂಡದ ಮನೆ ಎಸ್‌ಎಪಿ ಸೆಂಟರ್. 1993ರಲ್ಲಿ ಬಾಗಿಲು ತೆರೆದ ಒಳಾಂಗಣ ಕ್ರೀಡಾಂಗಣ, ಹಾಕಿಗೆ ಸುಮಾರು 17,500 ಜನ ಹಿಡಿಸುತ್ತದೆ. ಊರವರು ಕರೆಯುವುದು 'ಶಾರ್ಕ್ ಟ್ಯಾಂಕ್' ಎಂದು.

ಟಿಕೆಟ್ ಬೆಲೆ ದಿನವನ್ನೂ ಎದುರಾಳಿಯನ್ನೂ ನೋಡಿಕೊಂಡು ಏರಿಳಿಯುತ್ತದೆ. ಲಾಸ್ ಏಂಜಲೀಸ್ ಕಿಂಗ್ಸ್ ಅಥವಾ ವೇಗಸ್ ಗೋಲ್ಡನ್ ನೈಟ್ಸ್ ಬರುವ ಶನಿವಾರ ರಾತ್ರಿ ದುಬಾರಿ. ದೂರದ ಯಾವುದೋ ತಂಡ ಬರುವ ಮಂಗಳವಾರ ಅಗ್ಗ. ಅಂಗಳದ ಸುತ್ತಲಿನ ಗಾಜಿಗೆ ಮೂಗು ತಾಗಿಸಿ ಕೂರುವ ಸೀಟಿಗೆ ಅತಿ ಹೆಚ್ಚು ಬೆಲೆ, ಹೊಸಬರಿಗೆ ಅದೇ ಅತಿ ಕೆಟ್ಟ ಸೀಟು. ಆಟಗಾರರು ಗೋಡೆಗೆ ಅಪ್ಪಳಿಸುವ ಸದ್ದು ಎದೆಗೆ ತಾಗುತ್ತದೆ, ನಿಜ. ಆದರೆ ಅಂಗಳದ ಆ ತುದಿಯಲ್ಲಿ ಏನಾಗುತ್ತಿದೆ ಎಂದು ತಿಳಿಯುವುದಿಲ್ಲ. ಮೇಲಿನ ಅಂತಸ್ತಿನಲ್ಲಿ, ಒಂದು ಮೂಲೆಯ ಕಡೆ, ಮುಂದಿನ ಸಾಲುಗಳಲ್ಲಿ ಕೂತರೆ ಇಡೀ ಆಟ ಕೇರಂ ಬೋರ್ಡಿನ ಹಾಗೆ ಕಣ್ಣೆದುರು ಹರಡಿಕೊಳ್ಳುತ್ತದೆ. ತಂಡಗಳು ಪ್ರತಿ ಪೀರಿಯಡ್‌ಗೂ (ಆಟದ ಮೂರು ಭಾಗಗಳಲ್ಲಿ ಒಂದೊಂದಕ್ಕೂ) ಬದಿ ಬದಲಿಸುವುದರಿಂದ ಶಾರ್ಕ್ಸ್ ಒಂದನೆಯ ಮತ್ತು ಮೂರನೆಯ ಪೀರಿಯಡ್‌ನಲ್ಲಿ ಒಂದೇ ಗೋಲಿನ ಕಡೆ ನುಗ್ಗುತ್ತಾರೆ. ಅದು ಯಾವ ತುದಿ ಎಂದು ಹಳೆಯ ಅಭಿಮಾನಿಯೊಬ್ಬರನ್ನು ಕೇಳಿಕೊಂಡು ಟಿಕೆಟ್ ತೆಗೆಯಿರಿ.

ಎರಡನೆಯದು: ಹಾಕಿ ಗೊತ್ತಿದೆ ಎನ್ನುವುದನ್ನು ಮರೆಯಿರಿ

ನಮ್ಮ ಹಾಕಿ ಮೈದಾನ 91.4 ಮೀಟರ್ ಉದ್ದ, 55 ಮೀಟರ್ ಅಗಲ. ಅಮೆರಿಕ-ಕೆನಡಾದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ರಿಂಕ್, ಅಂದರೆ ಮಂಜುಗಡ್ಡೆಯ ಅಂಗಳ, 200 ಅಡಿ ಉದ್ದ, 85 ಅಡಿ ಅಗಲ. ಮೂರನೇ ಒಂದು ಪಾಲೂ ಇಲ್ಲ. ಅದರಲ್ಲಿ ಹನ್ನೆರಡು ಜನ, ಕಾಲಿಗೆ ಉಕ್ಕಿನ ಬ್ಲೇಡು, ಸುತ್ತ ಗೋಡೆ. ಚೆಂಡು ಹೊರಗೆ ಹೋಯಿತು ಎನ್ನುವ ನೆಮ್ಮದಿಯೇ ಇಲ್ಲ, ಗೋಡೆಗೆ ಬಡಿದು ಮತ್ತೆ ಆಟಕ್ಕೇ ಬರುತ್ತದೆ. ಅಂದಹಾಗೆ ಅದು ಚೆಂಡೂ ಅಲ್ಲ. ಮೂರು ಇಂಚು ಅಗಲ, ಒಂದು ಇಂಚು ದಪ್ಪದ ರಬ್ಬರ್ ಬಿಲ್ಲೆ, ಹೆಸರು ಪಕ್. ಪುಟಿಯದೆ ಜಾರಲಿ ಎಂದು ಆಟಕ್ಕೆ ಮುನ್ನ ಅದನ್ನು ಫ್ರೀಜರಿನಲ್ಲಿ ಇಡುತ್ತಾರೆ.

ಸ್ಟಿಕ್ಕಿನ ವಿಷಯಕ್ಕೆ ಮಾವ ಬೆರಗಾದರು. ನಮ್ಮಲ್ಲಿ ಚಪ್ಪಟೆ ಬದಿಯಿಂದ ಮಾತ್ರ ಹೊಡೆಯಬೇಕು, ಎಡಗೈಯವರಿಗೆಂದು ಬೇರೆ ಸ್ಟಿಕ್ ಇಲ್ಲ. ಇಲ್ಲಿ ಎರಡೂ ಬದಿಯಿಂದ ಹೊಡೆಯಬಹುದು, ಎಡಕ್ಕೂ ಬಲಕ್ಕೂ ಬೇರೆ ಬೇರೆ ಸ್ಟಿಕ್. "ಹಾಗಾದರೆ ನಾನು ಬದುಕಿಡೀ ಅರ್ಧ ಸ್ಟಿಕ್ಕಿನಲ್ಲಿ ಆಡಿದ್ದು" ಎಂದು ನಿಟ್ಟುಸಿರಿಟ್ಟರು.

ಆಟ 20 ನಿಮಿಷದ ಮೂರು ಪೀರಿಯಡ್. ಸೀಟಿ ಊದಿದಾಗಲೆಲ್ಲ ಗಡಿಯಾರ ನಿಲ್ಲುವುದರಿಂದ, ಎರಡು ವಿರಾಮವೂ ಸೇರಿ ಎರಡೂವರೆ ಗಂಟೆ ಹಿಡಿಯುತ್ತದೆ. ನಿಯಮ ಪುಸ್ತಕವೆಲ್ಲ ಬೇಡ, ಮೂರು ವಿಷಯ ಸಾಕು.

ಒಂದು, ಆಫ್‌ಸೈಡ್. ಮಂಜಿನ ಮೇಲೆ ಎರಡು ನೀಲಿ ಗೆರೆ ಇವೆ. ಎದುರಾಳಿಯ ಕಡೆಯ ನೀಲಿ ಗೆರೆಯನ್ನು ಪಕ್‌ಗಿಂತ ಮೊದಲು ಯಾರೂ ದಾಟುವಂತಿಲ್ಲ. ಫೀಲ್ಡ್ ಹಾಕಿ 1990ರ ದಶಕದಲ್ಲೇ ಕೈಬಿಟ್ಟ ಆಫ್‌ಸೈಡ್ ಇಲ್ಲಿ ಜೀವಂತವಾಗಿದೆ.

ಎರಡು, ಐಸಿಂಗ್. ಕಷ್ಟದಲ್ಲಿರುವ ತಂಡ ತನ್ನ ಅರ್ಧದಿಂದಲೇ ಪಕ್ಕನ್ನು ಆ ತುದಿಗೆ ಎಸೆದು ಉಸಿರು ತೆಗೆದುಕೊಳ್ಳಲು ನೋಡುತ್ತದೆ. ಆಗ ಪಕ್ಕನ್ನು ಅವರ ಗೋಲಿನ ಹತ್ತಿರಕ್ಕೇ ವಾಪಸ್ ತರುತ್ತಾರೆ. ಅದಕ್ಕಿಂತ ದೊಡ್ಡ ಶಿಕ್ಷೆ, ಆ ತಂಡ ಆಟಗಾರರನ್ನು ಬದಲಿಸುವಂತಿಲ್ಲ. ಒಬ್ಬ ಆಟಗಾರ ಒಂದು ಸಲಕ್ಕೆ ಮುಕ್ಕಾಲು ನಿಮಿಷ ಆಡಿ ಬೆಂಚಿಗೆ ಮರಳುವ ಆಟ ಇದು. ಒಂದೂವರೆ ನಿಮಿಷ ನಿಂತವನ ಕಾಲು ಸೀಸದಂತಾಗಿರುತ್ತದೆ. ಐಸಿಂಗ್ ಆದ ಮರುಕ್ಷಣ ಗೋಲು ಬೀಳುವ ಸಂಭವ ಹೆಚ್ಚು, ಆ ಹೊತ್ತಿಗೆ ಪಾಪ್‌ಕಾರ್ನ್ ತರಲು ಏಳಬೇಡಿ.

ಮೂರನೆಯದು ಪವರ್‌ಪ್ಲೇ. ಕ್ರಿಕೆಟ್ ಪವರ್‌ಪ್ಲೇ ತಲೆಯಿಂದ ತೆಗೆದುಹಾಕಿ. ಇಲ್ಲಿ ತಪ್ಪು ಮಾಡಿದವನನ್ನು ಎರಡು ನಿಮಿಷ ಗಾಜಿನ ಗೂಡಿನಲ್ಲಿ ಕೂರಿಸುತ್ತಾರೆ, ಅವನ ತಂಡ ಒಬ್ಬ ಕಡಿಮೆ ಇಟ್ಟುಕೊಂಡು ಆಡಬೇಕು. ಅಷ್ಟರೊಳಗೆ ಗೋಲು ಬಿದ್ದರೆ ಬಿಡುಗಡೆ. ದೊಡ್ಡ ತಪ್ಪಿಗೆ ಐದು ನಿಮಿಷ, ಆಗ ಎಷ್ಟು ಗೋಲು ಬಿದ್ದರೂ ಬಿಡುಗಡೆಯಿಲ್ಲ. ಈ ಕೊನೆಯ ವಾಕ್ಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಪಕ್ ಕಾಣದಿರುವುದಕ್ಕೂ ಮದ್ದಿದೆ: ಅದನ್ನು ಹುಡುಕಬೇಡಿ. ಆಟಗಾರರ ಹೆಗಲು ಯಾವ ಕಡೆ ತಿರುಗಿದೆ, ಗೋಲ್‌ಕೀಪರ್ ಯಾವ ಕಂಬಕ್ಕೆ ಒರಗಿದ್ದಾನೆ ಎಂದು ನೋಡಿ. ಪಕ್ ಅಲ್ಲೇ ಇರುತ್ತದೆ. ಹಿಂದಿನ ಆಟಗಳ ಹತ್ತು ನಿಮಿಷದ ತುಣುಕುಗಳು ಯೂಟ್ಯೂಬಿನಲ್ಲಿ ಸಿಗುತ್ತವೆ, ಅದರಲ್ಲಿ ಅಭ್ಯಾಸ ಮಾಡಿಕೊಳ್ಳಿ. ಮೂರನೆಯ ತುಣುಕಿಗೆ ಕಣ್ಣು ಹೊಂದಿಕೊಳ್ಳುತ್ತದೆ.

ಮೂರನೆಯದು: ಒಬ್ಬನನ್ನು ಆರಿಸಿಕೊಳ್ಳಿ

ಇಡೀ ತಂಡವನ್ನು ಪರಿಚಯ ಮಾಡಿಕೊಳ್ಳಲು ಹೊರಟರೆ ಸುಸ್ತು. ಒಬ್ಬ ಸಾಕು. ನಾನು ತೋರಿಸುವುದು 71ನೇ ನಂಬರಿನ ಮ್ಯಾಕ್ಲಿನ್ ಸೆಲೆಬ್ರಿನಿಯನ್ನು. 2006ರಲ್ಲಿ ಹುಟ್ಟಿದ ಹುಡುಗ, 2024ರ ಡ್ರಾಫ್ಟಿನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ) ಎಲ್ಲರಿಗಿಂತ ಮೊದಲು ಆಯ್ಕೆಯಾದವನು. ತನ್ನ ಮೊದಲ ಎನ್‌ಎಚ್‌ಎಲ್ ಆಟದಲ್ಲೇ, ಇದೇ ಅಂಗಳದಲ್ಲಿ, ಗೋಲು ಹೊಡೆದ. ಅಪ್ಪ ಇದೇ ಸೀಮೆಯ ಬಾಸ್ಕೆಟ್‌ಬಾಲ್ ತಂಡ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನಲ್ಲಿ ಆಟಗಾರರ ದೇಹಾರೋಗ್ಯ ನೋಡಿಕೊಳ್ಳುವವರು. ಅವನು ಅಂಗಳಕ್ಕೆ ಇಳಿದ ಕ್ಷಣದಿಂದ ಬೆಂಚಿಗೆ ಮರಳುವವರೆಗೆ ಅವನೊಬ್ಬನನ್ನೇ ನೋಡಿ. ಪಕ್ ತನ್ನ ಹತ್ತಿರ ಇಲ್ಲದಾಗ ಅವನು ಏನು ಮಾಡುತ್ತಾನೆ ಎನ್ನುವುದರಲ್ಲೇ ಅರ್ಧ ಆಟ ಅರ್ಥವಾಗುತ್ತದೆ.

71 ಎಂದರೆ ಹಳಬರಿಗೆ ಇನ್ನೊಂದು ನೆನಪು. ತಂಡ ಶುರುವಾಗಿದ್ದು 1991ರಲ್ಲಿ. ಮೊದಲ ಎರಡು ವರ್ಷ ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಡೇಲಿ ಸಿಟಿಯ ಕೌ ಪ್ಯಾಲೇಸ್ ಎಂಬ ಹಳೆಯ ಕಟ್ಟಡದಲ್ಲಿ ಆಡಿದರು. 1992-93ರಲ್ಲಿ 84 ಆಟಗಳಲ್ಲಿ 71 ಸೋತರು. ಆ ದುರ್ದೆಸೆಯ ತಂಡದಲ್ಲೇ ಆಡಿದವರು ರಾಬಿನ್ ಬಾವಾ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಪಂಜಾಬಿ ಮನೆತನದವರು, ಎನ್‌ಎಚ್‌ಎಲ್‌ನಲ್ಲಿ ಆಡಿದ ಮೊದಲ ಭಾರತೀಯ ಮೂಲದ ಆಟಗಾರ. ಸ್ಯಾನ್ ಹೋಸೆಯಲ್ಲಿ ನಮ್ಮವರು ಇಷ್ಟೊಂದು ಜನ ಇದ್ದೂ ಈ ಹೆಸರು ಗೊತ್ತಿರುವವರು ನನಗೆ ಸಿಕ್ಕಿದ್ದು ಇಬ್ಬರೋ ಮೂವರೋ.

ನಾಲ್ಕನೆಯದು: ಯಾರ ಮೇಲೆ ಕೋಪ ಎಂದು ತಿಳಿದಿರಲಿ

ದಾಯಾದಿ ಜಗಳ ಗೊತ್ತಿಲ್ಲದೆ ಆಟಕ್ಕೆ ಹೋದರೆ ಮದುವೆ ಮನೆಯಲ್ಲಿ ಯಾರು ಯಾರ ಜೊತೆ ಮಾತಾಡುವುದಿಲ್ಲ ಎಂದು ಗೊತ್ತಿಲ್ಲದೆ ಓಡಾಡಿದ ಹಾಗೆ. ಕಿಂಗ್ಸ್ ಮೇಲಿನ ಸಿಟ್ಟಿಗೆ 2014ರ ಪ್ಲೇಆಫ್ ಮೂಲ. ಏಳು ಆಟಗಳ ಸರಣಿಯಲ್ಲಿ ಶಾರ್ಕ್ಸ್ ಮೊದಲ ಮೂರನ್ನೂ ಗೆದ್ದು, ಉಳಿದ ನಾಲ್ಕನ್ನೂ ಸೋತರು. ಕಿಂಗ್ಸ್ ಆ ವರ್ಷ ಲೀಗಿನ ಚಾಂಪಿಯನ್‌ಗೆ ಸಿಗುವ ಸ್ಟ್ಯಾನ್ಲಿ ಕಪ್ಪನ್ನೇ ಎತ್ತಿಕೊಂಡು ಹೋದರು. ಶಾರ್ಕ್ಸ್‌ಗೆ ಆ ಕಪ್ ಇನ್ನೂ ದಕ್ಕಿಲ್ಲ; 2016ರಲ್ಲಿ ಫೈನಲ್ ತನಕ ಹೋಗಿ ಪಿಟ್ಸ್‌ಬರ್ಗ್‌ಗೆ ಸೋತರು.

ವೇಗಸ್‌ನವರ ಜೊತೆಯದು ಇದಕ್ಕೆ ತಿರುಗುಮುರುಗು. 2019ರ ಏಪ್ರಿಲ್ 23, ಸರಣಿಯ ಏಳನೇ ಆಟ, ಇದೇ ಅಂಗಳ. ಕೊನೆಯ ಪೀರಿಯಡ್‌ನಲ್ಲಿ ಶಾರ್ಕ್ಸ್ 0-3 ಹಿಂದೆ. ನಾಯಕ ಜೋ ಪವೆಲ್ಸ್ಕಿ ಕೆಳಗೆ ಬಿದ್ದು ತಲೆಯಿಂದ ರಕ್ತ ಸುರಿಯಿತು. ವೇಗಸ್‌ನ ಆಟಗಾರನಿಗೆ ಐದು ನಿಮಿಷದ ಶಿಕ್ಷೆ. ಎಷ್ಟು ಗೋಲು ಬಿದ್ದರೂ ಬಿಡುಗಡೆಯಿಲ್ಲದ ಅದೇ ಐದು ನಿಮಿಷ. ಶಾರ್ಕ್ಸ್ ನಾಲ್ಕು ನಿಮಿಷ ಒಂದು ಸೆಕೆಂಡಿನಲ್ಲಿ ನಾಲ್ಕು ಗೋಲು ಹೊಡೆದರು. ವೇಗಸ್ ಸಮ ಮಾಡಿಕೊಂಡಿತು, ಓವರ್‌ಟೈಮಿನಲ್ಲಿ ಬಾರ್ಕ್ಲೆ ಗುಡ್ರೋ ಗೋಲಿನಿಂದ 5-4. ಅಷ್ಟು ದೊಡ್ಡ ಶಿಕ್ಷೆ ಸರಿಯೇ ಎಂಬ ವಾದ ಎಷ್ಟು ಬೆಳೆಯಿತೆಂದರೆ, ಮುಂದಿನ ಸೀಸನ್ನಿನಿಂದಲೇ ಇಂಥ ಶಿಕ್ಷೆಯನ್ನು ವಿಡಿಯೊ ನೋಡಿ ಖಚಿತಪಡಿಸಿಕೊಳ್ಳುವ ನಿಯಮವೇ ಬಂತು. ಆಟಕ್ಕೆ ಎರಡು ದಿನ ಮೊದಲು ಆ ನಾಲ್ಕು ಗೋಲುಗಳ ತುಣುಕನ್ನು ನೋಡಿ. ಪವರ್‌ಪ್ಲೇ ಎಂದರೇನು ಎಂದು ನಾನು ಮೇಲೆ ಬರೆದದ್ದಕ್ಕಿಂತ ಚೆನ್ನಾಗಿ ಅದೇ ಹೇಳಿಕೊಡುತ್ತದೆ.

ಆಟದ ದಿನ

ಬೆಳಿಗ್ಗೆ ತಂಡಗಳು ಹಗುರವಾಗಿ ಅಭ್ಯಾಸ ಮಾಡುತ್ತವೆ. ಅಲ್ಲಿಂದ ಮೊದಲು ಹೊರಬಿದ್ದ ಗೋಲ್‌ಕೀಪರೇ ರಾತ್ರಿ ಆಡುವವನು ಎಂಬುದು ಹಾಕಿ ವರದಿಗಾರರ ಹಳೆಯ ಲೆಕ್ಕ. ಮಧ್ಯಾಹ್ನದೊಳಗೆ ಸುದ್ದಿ ಫೋನಿಗೆ ಬರುತ್ತದೆ. ಊಟದ ಹೊತ್ತಿಗೆ ವಾದ ಮಾಡಲು ಅಷ್ಟು ಸಾಕು.

ಬಟ್ಟೆ: ಒಳಗೆ ಚಳಿ. ಸ್ವೆಟರ್ ಬೇಕೇ ಬೇಕು, ಶಾಲು ಇದ್ದರೆ ಇನ್ನೂ ಒಳ್ಳೆಯದು. ಶಾರ್ಕ್ಸ್ ಬಣ್ಣ ಟೀಲ್, ನವಿಲು ಕತ್ತಿನ ನೀಲಿಗೂ ಹಸಿರಿಗೂ ನಡುವಿನದು. ತಂಡದ ಜೆರ್ಸಿ ಕೊಳ್ಳಲು ದುಬಾರಿ. ನಮ್ಮ ಅತ್ತೆ ಅದೇ ಬಣ್ಣದ ಮೈಸೂರು ಸಿಲ್ಕ್ ಸೀರೆಯ ಮೇಲೆ ಕೋಟು ಹಾಕಿಕೊಂಡು ಬಂದರು, ಪಕ್ಕದ ಸಾಲಿನವರು ಫೋಟೊ ಕೇಳಿದರು.

ಊಟ: ಸಸ್ಯಾಹಾರಿಗಳು ಸನಿವೇಲ್‌ನ ಎಲ್ ಕಮಿನೊ ರಸ್ತೆಯಲ್ಲೆಲ್ಲೋ ದೋಸೆ ಮುಗಿಸಿಕೊಂಡೇ ಹೋಗಿ. ಒಳಗಿನ ಬೆಲೆಗಳನ್ನು ರೂಪಾಯಿಗೆ ಬದಲಿಸಿ ಲೆಕ್ಕ ಹಾಕಿದರೆ ನಾಚೋಸ್ ಗಂಟಲಲ್ಲಿ ಇಳಿಯುವುದಿಲ್ಲ. ಎಷ್ಟು ದೊಡ್ಡ ಚೀಲ ಬಿಡುತ್ತಾರೆ ಎಂದು ಕ್ರೀಡಾಂಗಣದ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಟಿಕೆಟ್ ಫೋನಿನಲ್ಲೇ ಇರುವುದರಿಂದ ಚಾರ್ಜು ತುಂಬಿರಲಿ.

ಕಾರು ಬೇಡ. ಡಿರಿಡಾನ್ ರೈಲು ನಿಲ್ದಾಣ ಕ್ರೀಡಾಂಗಣದ ಎದುರಿಗೇ ಇದೆ. ಕ್ಯಾಲ್‌ಟ್ರೇನ್ ಹಿಡಿದರೆ ಮೌಂಟನ್ ವ್ಯೂ ದಾಟುವಷ್ಟರಲ್ಲಿ ಡಬ್ಬಿಯೆಲ್ಲ ಟೀಲ್ ಬಣ್ಣಕ್ಕೆ ತಿರುಗಿರುತ್ತದೆ. ವಾಪಸ್ ಬರುವ ಕೊನೆಯ ರೈಲು ಎಷ್ಟು ಹೊತ್ತಿಗೆ ಎಂಬುದನ್ನು ಹೋಗುವಾಗಲೇ ಬರೆದಿಟ್ಟುಕೊಳ್ಳಿ.

ಒಂದು ಗಂಟೆ ಮೊದಲೇ ಒಳಗಿರಿ. ಆಟಕ್ಕೆ ಸುಮಾರು ಅರ್ಧ ಗಂಟೆ ಮುನ್ನ ಎರಡೂ ತಂಡ ಮೈ ಬೆಚ್ಚಗೆ ಮಾಡಿಕೊಳ್ಳಲು ಇಳಿಯುತ್ತವೆ. ದುಬಾರಿ ಸೀಟಿನವರು ಇನ್ನೂ ಬಂದಿರುವುದಿಲ್ಲ, ಗಾಜಿನ ಹತ್ತಿರ ಹೋಗಿ ನಿಂತು ನೋಡಬಹುದು; ಆಟಗಾರರು ಮಕ್ಕಳಿಗೆ ಪಕ್ ಎಸೆಯುವುದೂ ಉಂಟು. ಎಚ್ಚರವಿರಲಿ, ಜೋರಾಗಿ ಹೊಡೆದ ಪಕ್ ಗಂಟೆಗೆ 160 ಕಿಲೋಮೀಟರ್ ದಾಟುತ್ತದೆ. ಗೋಲುಗಳ ಹಿಂದೆ ಕಾಣುವ ಎತ್ತರದ ಬಲೆ ಸುಮ್ಮನೆ ಕಟ್ಟಿದ್ದಲ್ಲ. 2002ರಲ್ಲಿ ಕೊಲಂಬಸ್ ನಗರದಲ್ಲಿ ಪಕ್ ತಲೆಗೆ ಬಡಿದು ಹದಿಮೂರರ ಹುಡುಗಿಯೊಬ್ಬಳು ತೀರಿಕೊಂಡ ಮೇಲೆ ಎಲ್ಲ ಕಡೆ ಬಂದದ್ದು. ಆಟ ನಡೆಯುವಾಗ ಫೋನು ಜೇಬಿನಲ್ಲಿರಲಿ.

ಆಮೇಲೆ ದೀಪ ಆರುತ್ತದೆ. ಚಾವಣಿಯಿಂದ ದೈತ್ಯ ಶಾರ್ಕ್ ತಲೆಯೊಂದು ಇಳಿಯುತ್ತದೆ, ಹೊಗೆ ಏಳುತ್ತದೆ, ಆಟಗಾರರು ಅದರ ಬಾಯಿಂದ ಒಬ್ಬೊಬ್ಬರಾಗಿ ಹೊರಗೆ ನುಗ್ಗುತ್ತಾರೆ. ನಮ್ಮೂರ ಕಂಪನಿ ನಾಟಕದವರು ನೋಡಿದ್ದರೆ ಹೊಟ್ಟೆಕಿಚ್ಚು ಪಡುತ್ತಿದ್ದರು. ಶಾರ್ಕಿ ಎಂಬ ವೇಷಧಾರಿಯೂ ಇದ್ದಾನೆ. 1999ರಲ್ಲಿ ಚಾವಣಿಯಿಂದ ಹಗ್ಗದಲ್ಲಿ ಇಳಿಯಲು ಹೋಗಿ ನಡುದಾರಿಯಲ್ಲಿ ಸಿಕ್ಕಿಕೊಂಡು ನೇತಾಡಿದ, ಆಟವೇ ತಡವಾಯಿತು.

ಶಾರ್ಕ್ಸ್‌ಗೆ ಪವರ್‌ಪ್ಲೇ ಸಿಕ್ಕಾಗ ಎಲ್ಲರೂ ಎರಡೂ ತೋಳು ಚಾಚಿ ಬಾಯಿ ತೆರೆದು ಮುಚ್ಚುವಂತೆ ಆಡಿಸುತ್ತಾರೆ. ನಾಚಿಕೆಪಡಬೇಡಿ, ನೀವೂ ಮಾಡಿ. ಒಬ್ಬನೇ ಮೂರು ಗೋಲು ಹೊಡೆದರೆ ಜನ ಟೋಪಿಗಳನ್ನು ಅಂಗಳಕ್ಕೆ ಎಸೆಯುತ್ತಾರೆ. ಇಷ್ಟದ ಟೋಪಿ ಹಾಕಿಕೊಂಡು ಹೋಗಬೇಡಿ. ಎದ್ದು ಹೋಗಿ ಬರುವುದಿದ್ದರೆ ಸೀಟಿ ಊದುವವರೆಗೆ ಮೆಟ್ಟಿಲ ಬಳಿಯೇ ಕಾಯಬೇಕು.

ಸಮ ಆದರೆ ಓವರ್‌ಟೈಮ್. ಮಾಮೂಲಿ ಲೀಗ್ ಆಟದಲ್ಲಿ ಅದು ಐದು ನಿಮಿಷ, ಕಡೆಗೆ ಮೂವರಂತೆ. ಅಷ್ಟು ದೊಡ್ಡ ಮಂಜಿನ ಅಂಗಳದಲ್ಲಿ ಗೋಲ್‌ಕೀಪರ್‌ಗಳನ್ನು ಬಿಟ್ಟರೆ ಆರೇ ಜನ, ಮೊದಲು ಗೋಲು ಹೊಡೆದವರು ಗೆದ್ದ ಹಾಗೆ. ನಾವು ಹೋದ ಎರಡನೇ ಸಲ ಹಾಗೇ ಆಯಿತು. ನಾನು ಗಡಿಯಾರ ತೋರಿಸಿ "ಮಾವ, ಈಗ ಹೊರಟರೆ ಮಾತ್ರ ರೈಲು" ಎಂದೆ. ಅವರು ತಿರುಗಿಯೂ ನೋಡಲಿಲ್ಲ. "ಎಡಗಡೆ ಖಾಲಿ ಬಿಟ್ಟಿದ್ದಾನೆ, ನೋಡು ನೋಡು" ಎನ್ನುತ್ತಾ ಎದ್ದು ನಿಂತಿದ್ದರು. ಮನೆಗೆ ಟ್ಯಾಕ್ಸಿಯಲ್ಲಿ ಬಂದೆವು.